ಬ್ರಿಟನ್ನಿನ ಮುಸ್ಲಿಂ ಮತದ ಲೆಕ್ಕ: ಕಾಮನ್ಸ್ ಲೈಬ್ರರಿಯ ಕ್ಷೇತ್ರವಾರು ಅಂಕಿಅಂಶ ಸೇವೆ ಕೊಡಗಿನವರಿಗೆ ಎಷ್ಟು ಉಪಯೋಗ?

ಬ್ರಿಟನ್ ಚುನಾವಣೆಯಲ್ಲಿ ಮುಸ್ಲಿಂ ಮತದಾರರ ಪ್ರಭಾವ ಎಷ್ಟು ಎಂಬ ಮಾತು ಬಂದಾಗಲೆಲ್ಲ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಎರಡೇ ಉತ್ತರ ಓಡಾಡುತ್ತವೆ. ಇಡೀ ದೇಶವೇ ಅವರ ಕೈಗೆ ಹೋಯಿತು ಎನ್ನುವುದು ಒಂದು, ಅಂಥದ್ದೇನೂ ಇಲ್ಲ ಎನ್ನುವುದು ಇನ್ನೊಂದು. ಎರಡರ ಹಿಂದೆಯೂ ಲೆಕ್ಕ ಇರುವುದಿಲ್ಲ. ಲೆಕ್ಕ ಬೇಕಾದವರಿಗೆ ಬ್ರಿಟಿಷ್ ಸಂಸತ್ತಿನ ಹೌಸ್ ಆಫ್ ಕಾಮನ್ಸ್ ಲೈಬ್ರರಿ ನಡೆಸುವ ಕ್ಷೇತ್ರವಾರು ಅಂಕಿಅಂಶ ಸೇವೆಗಿಂತ ಒಳ್ಳೆಯ ಜಾಗ ಇಲ್ಲ. ಪೂರ್ತಿ ಉಚಿತ, ಲಾಗಿನ್ ಬೇಡ, ಕಡತಗಳನ್ನು ಮೂಲ ಹೇಳಿ ಯಾರು ಬೇಕಾದರೂ ಬಳಸಬಹುದು. ಆದರೆ ಅದು ಕೊಡುವುದು ಜನಸಂಖ್ಯೆಯನ್ನು. ಪ್ರಭಾವವನ್ನು ನಾವೇ ಲೆಕ್ಕ ಹಾಕಿಕೊಳ್ಳಬೇಕು. ಇದು ಗೊತ್ತಿಲ್ಲದೆ ಒಳಗೆ ಹೋದವರು ತಪ್ಪು ತೀರ್ಮಾನದೊಂದಿಗೆ ಹೊರಗೆ ಬರುತ್ತಾರೆ.

ಮಡಿಕೇರಿ, ವಿರಾಜಪೇಟೆ, ಗೋಣಿಕೊಪ್ಪಲಿನ ಕಾಲೇಜುಗಳ ರಾಜ್ಯಶಾಸ್ತ್ರ ವಿದ್ಯಾರ್ಥಿಗಳು, ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು, ಮಕ್ಕಳು ಲೆಸ್ಟರ್‌ನಲ್ಲೋ ಬರ್ಮಿಂಗ್‌ಹ್ಯಾಮ್‌ನಲ್ಲೋ ಕೆಲಸದಲ್ಲಿರುವ ಮನೆಯವರು, ಪತ್ರಿಕೆಗೆ ಬರೆಯುವವರು: ಈ ವಿಮರ್ಶೆ ಅವರಿಗಾಗಿ.

ಮೊದಲು ಏನೇನು ತೆಗೆದುಕೊಳ್ಳಬೇಕು ಎಂಬುದು. ಬೇಕಾಗಿರುವುದು ಮೂರು ಕಡತ. ಒಂದು, ಧರ್ಮವಾರು ಜನಸಂಖ್ಯೆ. ಇಂಗ್ಲೆಂಡ್ ಮತ್ತು ವೇಲ್ಸ್‌ಗೆ ಇದು 2021ರ ಜನಗಣತಿಯದು, ಸ್ಕಾಟ್ಲೆಂಡಿಗೆ 2022ರದು. ಹಾಗಾಗಿ ಇಡೀ ಬ್ರಿಟನ್ನಿನ ಮೊತ್ತ ಕೂಡಿಸುವಾಗ ವರ್ಷದ ವ್ಯತ್ಯಾಸ ನೆನಪಿರಲಿ. ಎರಡು, 2024ರ ಜುಲೈ 4ರ ಸಾರ್ವತ್ರಿಕ ಚುನಾವಣೆಯ ಕ್ಷೇತ್ರವಾರು ಫಲಿತಾಂಶ. ಮೂರು, ಅದೇ ಚುನಾವಣೆಯ ಅಭ್ಯರ್ಥಿವಾರು ಫಲಿತಾಂಶ. ಈ ಮೂರನೆಯದನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ, ಕೆಲಸ ಕೆಡುವುದೂ ಅಲ್ಲೇ. ಕ್ಷೇತ್ರವಾರು ಕಡತದಲ್ಲಿ ದೊಡ್ಡ ಪಕ್ಷಗಳಿಗೆ ಮಾತ್ರ ಪ್ರತ್ಯೇಕ ಕಾಲಂ ಇದೆ. ಪಕ್ಷೇತರರೆಲ್ಲ ‘ಇತರೆ ಅಭ್ಯರ್ಥಿಗಳು’ ಎಂಬ ಒಂದೇ ಕಾಲಂನಲ್ಲಿ ಸೇರಿಹೋಗಿದ್ದಾರೆ. 2024ರಲ್ಲಿ ಮುಸ್ಲಿಂ ಮತದ ಕಥೆ ನಡೆದದ್ದೇ ಪಕ್ಷೇತರರ ಸುತ್ತ: ಗಾಜಾ ಯುದ್ಧದ ಬಗ್ಗೆ ಲೇಬರ್ ಪಕ್ಷದ ನಿಲುವಿಗೆ ಮುನಿದವರು ಅವರ ಕಡೆ ವಾಲಿದ್ದರು. ಕ್ಷೇತ್ರವಾರು ಕಡತ ಮಾತ್ರ ನೋಡಿದರೆ ಅದು ಕಣ್ಣಿಗೇ ಬೀಳುವುದಿಲ್ಲ.

ಮೂರನ್ನೂ ಎಕ್ಸೆಲ್‌ನಲ್ಲಿ ಜೋಡಿಸುವಾಗ ಕ್ಷೇತ್ರದ ಹೆಸರಿನಿಂದ ಜೋಡಿಸಬೇಡಿ. 2024ರ ಚುನಾವಣೆ ಹೊಸ ಗಡಿಗಳ ಮೇಲೆ ನಡೆದದ್ದು. ಹೆಸರು ಹಳೆಯದೇ ಇದ್ದು ಒಳಗಿನ ವಾರ್ಡುಗಳು ಬದಲಾದ ಕ್ಷೇತ್ರಗಳು ಬಹಳ. ಪ್ರತಿ ಕ್ಷೇತ್ರಕ್ಕೂ ಒಂಬತ್ತು ಅಕ್ಷರದ ಸರ್ಕಾರಿ ಸಂಕೇತ ಇದೆ. ಇಂಗ್ಲೆಂಡಿನದು ಇ14ರಿಂದ, ವೇಲ್ಸ್‌ನದು ಡಬ್ಲ್ಯು07ರಿಂದ, ಸ್ಕಾಟ್ಲೆಂಡಿನದು ಎಸ್14ರಿಂದ ಶುರುವಾಗುತ್ತದೆ. ಗಡಿ ಬದಲಾದರೆ ಸಂಕೇತವೂ ಬದಲಾಗುತ್ತದೆ. ಸಂಕೇತದ ಮೇಲೆ ವಿಲುಕಪ್ (ಒಂದು ಪಟ್ಟಿಯ ಅಂಕಿಯನ್ನು ಹುಡುಕಿ ಇನ್ನೊಂದಕ್ಕೆ ತರುವ ಎಕ್ಸೆಲ್ ಸೂತ್ರ) ಹಾಕಿದರೆ ಹಳೆಯದು ಹೊಸದಕ್ಕೆ ಅಂಟಿಕೊಳ್ಳುವ ಅಪಾಯ ಇಲ್ಲ. ವೇಲ್ಸ್‌ನ ಕೆಲವು ಹೆಸರುಗಳಲ್ಲಿ ವಿಶೇಷ ಅಕ್ಷರಗಳಿರುವುದರಿಂದ ಸಿಎಸ್‌ವಿ ಕಡತವನ್ನು ನೇರ ತೆರೆದಾಗ ಹೆಸರು ಕೆಡುವುದುಂಟು. ಅದಕ್ಕೂ ಸಂಕೇತವೇ ಪರಿಹಾರ.

2019ರ ಜೊತೆ ಹೋಲಿಸುವವರಿಗೆ ಇನ್ನೊಂದು ಎಚ್ಚರಿಕೆ. ಕಡತದಲ್ಲಿ ‘ಬದಲಾವಣೆ’ ಎಂದು ಕೊಟ್ಟಿರುವುದು 2019ರ ನಿಜವಾದ ಫಲಿತಾಂಶದಿಂದಲ್ಲ. ಹಳೆಯ ಮತಗಳನ್ನು ಹೊಸ ಗಡಿಗೆ ಹಂಚಿ ತಜ್ಞರು ಅಂದಾಜು ಮಾಡಿದ ಕಾಲ್ಪನಿಕ ಫಲಿತಾಂಶದಿಂದ. ನಮ್ಮಲ್ಲಿ ಪೊನ್ನಂಪೇಟೆ, ಕುಶಾಲನಗರ ಹೊಸ ತಾಲ್ಲೂಕುಗಳಾದ ಮೇಲೆ 2011ರ ಜನಗಣತಿಯ ಮೂರು ತಾಲ್ಲೂಕಿನ ಅಂಕಿಯನ್ನು ಐದಕ್ಕೆ ಹಂಚಲು ಹೊರಟವರಿಗೆ ಈ ತೊಂದರೆ ಏನೆಂದು ಚೆನ್ನಾಗಿ ಗೊತ್ತು.

ಈಗ ಮುಖ್ಯ ವಿಷಯ. 2021ರ ಜನಗಣತಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಮುಸ್ಲಿಮರು ಸುಮಾರು 39 ಲಕ್ಷ, ಅಂದರೆ ಶೇ 6.5. 2011ರಲ್ಲಿ ಶೇ 4.9 ಇತ್ತು. ಒಂದು ಕ್ಷೇತ್ರದಲ್ಲಿ ಜನಸಂಖ್ಯೆಯ ಮೂರನೇ ಒಂದು ಪಾಲು ಮುಸ್ಲಿಮರಿದ್ದರೆ ಮತದ ಮೂರನೇ ಒಂದು ಪಾಲು ಅವರದು ಎಂದು ಬರೆಯುವವರು ಬಹಳ ಮಂದಿ. ಕಾಫಿ ಬೆಳೆಗಾರರಿಗೆ ಇದು ಬಿಡಿಸಿ ಹೇಳಬೇಕಿಲ್ಲ: ಚೆರಿ ಮೂಟೆ 50 ಕೆಜಿ ತೂಗಿದರೂ ವ್ಯಾಪಾರಿ ದರ ಹೇಳುವುದು ಔಟ್‌ಟರ್ನ್, ಅಂದರೆ ಚೆರಿಯಿಂದ ಸಿಗುವ ಬೀಜದ ಪ್ರಮಾಣ ನೋಡಿಯೇ. ಇಲ್ಲಿಯೂ ಜನಸಂಖ್ಯೆಯಿಂದ ಮತಕ್ಕೆ ಬರುವಷ್ಟರಲ್ಲಿ ನಾಲ್ಕು ಕಡೆ ತೂಕ ಇಳಿಯುತ್ತದೆ.

ದೊಡ್ಡ ಇಳಿಕೆ ವಯಸ್ಸಿನದು. 2021ರಲ್ಲಿ ಅಲ್ಲಿಯ ಮುಸ್ಲಿಮರ ಮಧ್ಯಮ ವಯಸ್ಸು (ಅರ್ಧದಷ್ಟು ಜನ ಇದಕ್ಕಿಂತ ಕಿರಿಯರು ಎನ್ನುವ ಅಂಕಿ) 27. ಒಟ್ಟು ಜನಸಂಖ್ಯೆಯದು 40. ಅಂದರೆ ಎಣಿಕೆಗೆ ಸಿಕ್ಕವರಲ್ಲಿ ಮತದ ವಯಸ್ಸಿಗೆ ಬಾರದ ಮಕ್ಕಳ ಪಾಲು ಉಳಿದವರಿಗಿಂತ ಹೆಚ್ಚು. ಧರ್ಮದ ಪುಟದಲ್ಲಿ ಕಾಣುವ ಅಂಕಿ ಎಲ್ಲ ವಯಸ್ಸಿನವರದು, ಸೇವೆಯ ದೊಡ್ಡ ಕೊರತೆ ನಮ್ಮ ಪ್ರಕಾರ ಇದೇ. ಆದರೆ ವಯಸ್ಸಿನ ಈ ಇಳಿಕೆ ಶಾಶ್ವತವೂ ಅಲ್ಲ: ಆ ಮಕ್ಕಳು ಪ್ರತಿ ಚುನಾವಣೆಗೂ ಪಟ್ಟಿಗೆ ಬರುತ್ತಾ ಹೋಗುತ್ತಾರೆ.

ಎರಡನೆಯದು ಪೌರತ್ವ, ಮತ್ತು ಇದನ್ನು ಕೊಡಗಿನಲ್ಲಿ ಕೂತು ಓದುವವರು ಸರಿಯಾಗಿ ತಿಳಿದುಕೊಳ್ಳಲೇಬೇಕು. ಬ್ರಿಟನ್ ಸಂಸತ್ ಚುನಾವಣೆಯಲ್ಲಿ ಮತ ಹಾಕಲು ಬ್ರಿಟಿಷ್ ಪಾಸ್‌ಪೋರ್ಟ್ ಇರಲೇಬೇಕೆಂದಿಲ್ಲ. ಅಲ್ಲಿ ವಾಸಿಸಲು ಅನುಮತಿ ಇರುವ ಕಾಮನ್‌ವೆಲ್ತ್ ದೇಶಗಳ ಪ್ರಜೆಗಳೂ ಮತದಾರರು. ಭಾರತ, ಪಾಕಿಸ್ತಾನ, ಬಾಂಗ್ಲಾದೇಶ, ನೈಜೀರಿಯಾ ಈ ಪಟ್ಟಿಯಲ್ಲಿವೆ. ಸೊಮಾಲಿಯಾ, ಸಿರಿಯಾ, ಇರಾಕ್, ಅಫ್ಗಾನಿಸ್ತಾನ, ಟರ್ಕಿ ಇಲ್ಲ. ಆದ್ದರಿಂದ ಸಮಾನ ಮುಸ್ಲಿಂ ಜನಸಂಖ್ಯೆಯ ಎರಡು ಕ್ಷೇತ್ರಗಳಲ್ಲಿ ಒಂದರಲ್ಲಿ ಪಾಕಿಸ್ತಾನದ ಹಿಡಿತದಲ್ಲಿರುವ ಮಿರ್‌ಪುರ, ಬಾಂಗ್ಲಾದೇಶದ ಸಿಲ್ಹೆಟ್ ಮೂಲದವರು ಹೆಚ್ಚಿದ್ದು, ಇನ್ನೊಂದರಲ್ಲಿ ಇತ್ತೀಚೆಗೆ ಬಂದ ಸೊಮಾಲಿಗಳೋ ಅಫ್ಗನ್ನರೋ ಹೆಚ್ಚಿದ್ದರೆ ಮತದ ಬಲ ಒಂದೇ ಆಗಿರುವುದಿಲ್ಲ. ಧರ್ಮದ ಕಡತದ ಪಕ್ಕದಲ್ಲಿ ಹುಟ್ಟಿದ ದೇಶದ ಕಡತವನ್ನೂ ಇಟ್ಟುಕೊಳ್ಳಿ.

ಉಳಿದೆರಡು ನೋಂದಣಿ ಮತ್ತು ಮತದಾನ ಪ್ರಮಾಣ. ಫಲಿತಾಂಶದ ಕಡತದಲ್ಲಿ ನೋಂದಾಯಿತ ಮತದಾರರ ಸಂಖ್ಯೆಯೂ ಸಿಂಧು ಮತಗಳೂ ಇವೆ. ಭಾಗಿಸಿದರೆ ಕ್ಷೇತ್ರದ ಪ್ರಮಾಣ ಸಿಗುತ್ತದೆ. ಧರ್ಮವಾರು ಪ್ರಮಾಣ ಯಾವ ಕಡತದಲ್ಲೂ ಸಿಗದು, ಏಕೆಂದರೆ ಅದನ್ನು ಯಾರೂ ಎಣಿಸುವುದಿಲ್ಲ. ಜನಗಣತಿಯ ಧರ್ಮದ ಪ್ರಶ್ನೆಯೂ ಐಚ್ಛಿಕ. ಶೇ 6ರಷ್ಟು ಜನ ಉತ್ತರಿಸಿಲ್ಲ. ಅವರನ್ನು ಸೇರಿಸಿ ಶೇಕಡಾವಾರು ಹಾಕಿದ್ದೀರೋ ಬಿಟ್ಟು ಹಾಕಿದ್ದೀರೋ ಎಂದು ಬರೆದಿಡಿ, ಇಲ್ಲದಿದ್ದರೆ ಬೇರೆಯವರ ಲೆಕ್ಕಕ್ಕೂ ನಿಮ್ಮದಕ್ಕೂ ತಾಳೆ ಬರುವುದಿಲ್ಲ.

ಇಷ್ಟು ಇಳಿಸಿದ ಮೇಲೆ ಪ್ರಭಾವ ಅಳೆಯುವ ಕಾಲಂ ಯಾವುದು? ಗೆಲುವಿನ ಅಂತರ. ಅಂತರದ ಅರ್ಧಕ್ಕೆ ತುಸು ಮೇಲೆ ಜನ ಒಬ್ಬರಿಂದ ಇನ್ನೊಬ್ಬರಿಗೆ ಜಿಗಿದರೆ ಸೀಟು ಬದಲು. ಪೂರ್ವ ಲಂಡನ್ನಿನ ಇಲ್ಫರ್ಡ್ ನಾರ್ತ್ ನೋಡಿ: ಲೇಬರ್‌ನ ವೆಸ್ ಸ್ಟ್ರೀಟಿಂಗ್ 15,647, ಪಕ್ಷೇತರ ಅಭ್ಯರ್ಥಿ ಲಿಯಾನ್ ಮೊಹಮ್ಮದ್ 15,119. ಅಂತರ 528. ಬರೀ 265 ಜನ ಮನಸ್ಸು ಬದಲಿಸಿದ್ದರೆ ಆರೋಗ್ಯ ಸಚಿವರಾಗಲಿದ್ದವರು ಸಂಸತ್ತಿಗೇ ಬರುತ್ತಿರಲಿಲ್ಲ. ಬ್ರಾಡ್‌ಫರ್ಡ್ ವೆಸ್ಟ್‌ನಲ್ಲಿ ನಾಜ್ ಶಾ ಉಳಿದುಕೊಂಡದ್ದು 707 ಮತದಿಂದ. ಬರ್ಮಿಂಗ್‌ಹ್ಯಾಮ್ ಯಾರ್ಡ್ಲಿಯಲ್ಲಿ ಜೆಸ್ ಫಿಲಿಪ್ಸ್ 693 ಮತದಿಂದ. ಗಾಜಾ ಕದನವಿರಾಮದ ಪರ ಮತ ಹಾಕಲು 2023ರ ನವೆಂಬರಿನಲ್ಲಿ ಪಕ್ಷದ ಹುದ್ದೆಯನ್ನೇ ಬಿಟ್ಟವರು ಆಕೆ. ಹಾಗಿದ್ದೂ ಪಕ್ಷದ ಮೇಲಿನ ಸಿಟ್ಟು ಅವರನ್ನು ಬಿಡಲಿಲ್ಲ. ಇಂಥ ಸೀಟುಗಳು ‘ಲೇಬರ್ ಗೆಲುವು’ ಎಂದೇ ನಕ್ಷೆಯಲ್ಲಿ ಕೆಂಪಾಗಿ ಕಾಣುತ್ತವೆ. ನಕ್ಷೆ ಮಾತ್ರ ನೋಡಿದವರಿಗೆ ಪ್ರಭಾವ ಕಾಣದಿರುವುದಕ್ಕೆ ಕಾರಣ ಇದೇ.

ಬ್ಲ್ಯಾಕ್‌ಬರ್ನ್ ಇನ್ನೂ ಹತ್ತಿರದಿಂದ ನೋಡಬೇಕಾದ ಕ್ಷೇತ್ರ. ಬಾರ್ಬರಾ ಕ್ಯಾಸಲ್, ಅವರ ನಂತರ ಜ್ಯಾಕ್ ಸ್ಟ್ರಾ ದಶಕಗಟ್ಟಲೆ ಗೆದ್ದ ಲೇಬರ್ ಕೋಟೆ ಇದು. 2024ರಲ್ಲಿ ಪಕ್ಷೇತರ ಅದ್ನಾನ್ ಹುಸೇನ್ 10,518, ಲೇಬರ್‌ನ ಕೇಟ್ ಹೊಲರ್ನ್ 10,386. ಅಂತರ 132. ಕ್ಷೇತ್ರವಾರು ಕಡತ ಇಲ್ಲಿಗೆ ನಿಲ್ಲುತ್ತದೆ. ಓದಿದವರು ‘ಕೂದಲೆಳೆಯಲ್ಲಿ ಗೆದ್ದರು, ಮುಂದಿನ ಸಲ ಲೇಬರ್ ವಾಪಸ್’ ಎಂದು ಬರೆಯುತ್ತಾರೆ. ಅಭ್ಯರ್ಥಿವಾರು ಕಡತ ತೆರೆಯಿರಿ: ಗಾಜಾ ವಿಷಯವನ್ನೇ ಮುಂದಿಟ್ಟು ನಿಂತ ವರ್ಕರ್ಸ್ ಪಾರ್ಟಿಯ ಕ್ರೇಗ್ ಮರ್ರೇ 7,105 ಮತ ಪಡೆದಿದ್ದಾರೆ. ಇಬ್ಬರನ್ನೂ ಕೂಡಿಸಿದರೆ 17,623. ಲೇಬರ್ ಸೋತದ್ದು 132ರಿಂದಲ್ಲ. ಎದುರು ಪಾಳಯ ಎರಡು ಹೋಳಾಗಿದ್ದರಿಂದ ಅಂತರ ಅಷ್ಟು ಸಣ್ಣದಾಗಿ ಕಂಡಿತು. ಎರಡು ಕಡತಗಳ ನಡುವಿನ ವ್ಯತ್ಯಾಸ ತಿಳಿಯಲು ಈ ಒಂದು ಕ್ಷೇತ್ರ ಸಾಕು.

ಲೆಸ್ಟರ್ ಸೌತ್‌ನಲ್ಲಿ ಪಕ್ಷೇತರ ಶೌಕತ್ ಆಡಮ್ 979 ಮತದಿಂದ ಲೇಬರ್‌ನ ಜೊನಾಥನ್ ಆಶ್‌ವರ್ತ್ ಅವರನ್ನು, ಬರ್ಮಿಂಗ್‌ಹ್ಯಾಮ್ ಪೆರ್ರಿ ಬಾರ್‌ನಲ್ಲಿ ಪಕ್ಷೇತರ ಅಯೂಬ್ ಖಾನ್ 507 ಮತದಿಂದ ಲೇಬರ್‌ನ ಖಾಲಿದ್ ಮಹಮೂದ್ ಅವರನ್ನು ಸೋಲಿಸಿದರು. ಡ್ಯೂಸ್‌ಬರಿ ಮತ್ತು ಬ್ಯಾಟ್ಲಿಯಲ್ಲಿ ಪಕ್ಷೇತರ ಇಕ್ಬಾಲ್ ಮೊಹಮ್ಮದ್ ಅವರ ಅಂತರ 6,934. ಖಾಲಿದ್ ಮಹಮೂದ್ 2001ರಿಂದ ಸಂಸದರಾಗಿದ್ದವರು, ಅವರೂ ಮುಸ್ಲಿಂ. ಆದ್ದರಿಂದ ಅಭ್ಯರ್ಥಿಯ ಹೆಸರು ನೋಡಿ ಮತ ಬಿತ್ತು ಎನ್ನುವ ಸುಲಭದ ವಿವರಣೆ ಪೆರ್ರಿ ಬಾರ್‌ನಲ್ಲಿ ನಿಲ್ಲುವುದಿಲ್ಲ.

ತಪ್ಪು ಲೆಕ್ಕಕ್ಕೆ ಲೆಸ್ಟರ್ ಸೌತ್ ಪಕ್ಕದ ಲೆಸ್ಟರ್ ಈಸ್ಟ್ ಒಳ್ಳೆಯ ಉದಾಹರಣೆ. ಅಲ್ಲಿ ಕನ್ಸರ್ವೇಟಿವ್ ಪಕ್ಷದ ಶಿವಾನಿ ರಾಜಾ 4,426 ಮತದಿಂದ ಗೆದ್ದರು. ಆ ಚುನಾವಣೆಯಲ್ಲಿ ಅವರ ಪಕ್ಷ ಹೊಸದಾಗಿ ಗೆದ್ದ ಸೀಟು ಅದೊಂದೇ. ಲೇಬರ್‌ನ ಮಾಜಿ ಸಂಸದರಿಬ್ಬರು ಪಕ್ಷದ ಹೊರಗಿನಿಂದ ನಿಂತು, ಕ್ಲಾಡಿಯಾ ವೆಬ್ 5,532 ಮತ್ತು ಕೀತ್ ವಾಜ್ 3,681, ಸೇರಿ 9,213 ಮತ ಒಯ್ದರು. ಅಂತರದ ಎರಡು ಪಟ್ಟಿಗಿಂತ ಹೆಚ್ಚು. ಜನಸಂಖ್ಯೆಯ ಕಾಲಂ ಒಂದನ್ನೇ ಹಿಡಿದು ಇದನ್ನು ಹಿಂದೂ ಮತ, ಮುಸ್ಲಿಂ ಮತ ಎಂದು ಬಿಡಿಸಲು ಹೊರಟರೆ ಒಡಕು ಎಲ್ಲಿತ್ತು ಎಂಬುದೇ ತಪ್ಪಿಹೋಗುತ್ತದೆ.

ದೇಶದ ಮಟ್ಟದಲ್ಲಿ? ಲೇಬರ್ ಶೇ 33.7 ಮತ ಪಡೆದು 650ರಲ್ಲಿ 411 ಸೀಟು ಗೆದ್ದಿತು. ಸರ್ಕಾರ ಯಾರದೆಂಬುದನ್ನು ಮುಸ್ಲಿಂ ಮತ ತೀರ್ಮಾನಿಸಲಿಲ್ಲ. ಆದರೆ ಅಂತರಗಳು ತೆಳುವಾಗಿರುವ ಸಂಸತ್ತಿನಲ್ಲಿ ಸಣ್ಣ ಗುಂಪಿನ ಮುನಿಸಿಗೂ ಬೆಲೆ ಹೆಚ್ಚು. ಈ ಮುನಿಸು ಶಾಶ್ವತವೂ ಅಲ್ಲ: ಇರಾಕ್ ಯುದ್ಧದ ನಂತರ 2005ರಲ್ಲಿ ಬೆತ್ನಲ್ ಗ್ರೀನ್ ಮತ್ತು ಬೋ ಕ್ಷೇತ್ರವನ್ನು, ಯುದ್ಧ ವಿರೋಧಿಸಿ ಲೇಬರ್‌ನಿಂದ ಹೊರಬಿದ್ದಿದ್ದ ಜಾರ್ಜ್ ಗ್ಯಾಲೋವೇ 823 ಮತದಿಂದ ಕಸಿದರು, 2010ರಲ್ಲಿ ಅದು ಲೇಬರ್‌ಗೆ ಮರಳಿತು. 2012ರ ಉಪಚುನಾವಣೆಯಲ್ಲಿ ಅವರು ಗೆದ್ದ ಬ್ರಾಡ್‌ಫರ್ಡ್ ವೆಸ್ಟ್ 2015ರಲ್ಲಿ ಅದೇ ದಾರಿ ಹಿಡಿಯಿತು.

ನಮ್ಮ ಓದುಗರು ಹೆಚ್ಚಾಗಿ ಹುಡುಕುವ, ಈ ಸೇವೆಯಲ್ಲಿ ಸಿಗದ ಒಂದು ವಿಷಯ ಇದೆ: ಮತಗಟ್ಟೆವಾರು ಫಲಿತಾಂಶ. ನಮ್ಮಲ್ಲಿ ನಮೂನೆ 20 ತೆಗೆದರೆ ಸಿದ್ದಾಪುರದ ಯಾವ ಬೂತಿನಲ್ಲಿ, ನೆಲ್ಯಹುದಿಕೇರಿಯ ಯಾವ ಬೂತಿನಲ್ಲಿ ಯಾರಿಗೆ ಎಷ್ಟು ಬಿತ್ತು ಎಂದು ಗೊತ್ತಾಗುತ್ತದೆ. ಆದರೆ ಧರ್ಮವಾರು ಜನಸಂಖ್ಯೆ ನಮಗೆ ತಾಲ್ಲೂಕು, ಪಟ್ಟಣದ ಮಟ್ಟಕ್ಕೇ ನಿಲ್ಲುತ್ತದೆ. ಬ್ರಿಟನ್ನಿನಲ್ಲಿ ಇದು ಸರಿಯಾಗಿ ತಿರುಗುಮುರುಗು. ಧರ್ಮದ ಅಂಕಿ ನಾಲ್ಕಾರು ಬೀದಿಯಷ್ಟು ಸಣ್ಣ ಪ್ರದೇಶಕ್ಕೂ ಸಿಗುತ್ತದೆ; ಮತಪೆಟ್ಟಿಗೆಗಳ ಚೀಟಿಗಳನ್ನು ಎಣಿಕೆಗೆ ಮೊದಲು ಬೆರೆಸಿಬಿಡುವುದರಿಂದ ಕ್ಷೇತ್ರಕ್ಕಿಂತ ಕೆಳಗಿನ ಸಂಸತ್ ಫಲಿತಾಂಶ ಇಲ್ಲವೇ ಇಲ್ಲ. ಸೂಕ್ಷ್ಮವಾಗಿ ನೋಡಬೇಕೆನ್ನುವವರು ಸ್ಥಳೀಯ ಕೌನ್ಸಿಲ್ ಚುನಾವಣೆಗೆ ಹೋಗಬೇಕು. ಅಲ್ಲಿ ವಾರ್ಡ್‌ವಾರು ಮತ ಆಯಾ ಕೌನ್ಸಿಲ್ ಜಾಲತಾಣದಲ್ಲಿರುತ್ತದೆ, ವಾರ್ಡ್‌ವಾರು ಧರ್ಮದ ಅಂಕಿ ನೋಮಿಸ್ ಎಂಬ ಸರ್ಕಾರಿ ಅಂಕಿಅಂಶ ಜಾಲತಾಣದ ಟಿಎಸ್030 ಪಟ್ಟಿಯಲ್ಲಿ. ಗೌಪ್ಯತೆಗಾಗಿ ಸಣ್ಣ ಅಂಕಿಗಳನ್ನು ತುಸು ಆಚೀಚೆ ಮಾಡಿರುತ್ತಾರೆ. ಎರಡು ಪಟ್ಟಿಗಳ ಮೊತ್ತದಲ್ಲಿ ಒಂದೆರಡು ವ್ಯತ್ಯಾಸ ಬಂದರೆ ನಿಮ್ಮ ಕೂಡಿಕೆ ತಪ್ಪೆಂದು ತಿಳಿಯಬೇಡಿ.

ಬಳಕೆಯ ಅನುಕೂಲದ ಬಗ್ಗೆ ಹೇಳುವುದಾದರೆ, ನಕ್ಷೆ ಇರುವ ಪುಟಗಳು ಪವರ್ ಬಿಐ ಎಂಬ ತಂತ್ರಾಂಶದಲ್ಲಿ ಕಟ್ಟಿದವು. ಮೊಬೈಲಿನಲ್ಲಿ ನಿಧಾನ, ಮಳೆಗಾಲದಲ್ಲಿ ಕರೆಂಟು, ಟವರು ಎರಡೂ ಕೈಕೊಡುವ ಊರುಗಳಲ್ಲಿ ಅರ್ಧಕ್ಕೇ ನಿಲ್ಲುತ್ತವೆ. ಪುಟದ ಕೆಳಗಿರುವ ಎಕ್ಸೆಲ್ ಕಡತ ನೇರ ಇಳಿಸಿಕೊಳ್ಳಿ, ಗಾತ್ರ ಚಿಕ್ಕದು, ಆಮೇಲೆ ನೆಟ್ ಬೇಕಿಲ್ಲ.

ಮಕ್ಕಳು ಅಲ್ಲಿರುವ ಮನೆಯವರಿಗೆ ಒಂದು ಮಾತು. ಭಾರತದ ಪಾಸ್‌ಪೋರ್ಟಿನಲ್ಲೇ ಇರುವ ನರ್ಸ್, ಎಂಜಿನಿಯರ್, ವಿದ್ಯಾರ್ಥಿ ಯಾರೇ ಆಗಲಿ, ಕೊಡವರಾಗಲಿ, ಮಾಪಿಳ್ಳೆಯವರಾಗಲಿ, ಗೌಡರಾಗಲಿ, ಅಲ್ಲಿಯ ಸರ್ಕಾರಿ ಜಾಲತಾಣದಲ್ಲಿ ಮತದಾರರಾಗಿ ನೋಂದಾಯಿಸಿಕೊಳ್ಳಬಹುದು. ನ್ಯಾಷನಲ್ ಇನ್ಶೂರೆನ್ಸ್ ಸಂಖ್ಯೆ ಕೈಯಲ್ಲಿದ್ದರೆ ಐದು ನಿಮಿಷದ ಕೆಲಸ. ಮತದಾನಕ್ಕೆ 12 ಕೆಲಸದ ದಿನ ಮುಂಚೆ ಪಟ್ಟಿ ಮುಚ್ಚುತ್ತದೆ. ಇಂಗ್ಲೆಂಡಿನ ಮತಗಟ್ಟೆಯಲ್ಲಿ 2023ರ ಮೇಯಿಂದ ಫೋಟೊ ಗುರುತು ಕಡ್ಡಾಯ; ಕಾಮನ್‌ವೆಲ್ತ್ ದೇಶದ ಪಾಸ್‌ಪೋರ್ಟ್ ನಡೆಯುತ್ತದೆ, ಹಾಗಾಗಿ ನಮ್ಮದೂ ನಡೆಯುತ್ತದೆ. ಅರ್ಜಿಯಲ್ಲಿ ‘ಓಪನ್ ರಿಜಿಸ್ಟರ್’ ಎಂಬ ಪ್ರಶ್ನೆ ಬರುತ್ತದೆ. ಹೆಸರು, ವಿಳಾಸ ಯಾರು ಬೇಕಾದರೂ ಕೊಳ್ಳಬಹುದಾದ ಪಟ್ಟಿ ಅದು, ಬೇಡವೆಂದರೆ ಮತದ ಹಕ್ಕಿಗೆ ಏನೂ ಆಗುವುದಿಲ್ಲ.

ಐದಕ್ಕೆ ನಾಲ್ಕು ಅಂಕ. ಧರ್ಮದ ಪುಟದಲ್ಲಿ 18 ದಾಟಿದವರ ಅಂಕಿ ಪ್ರತ್ಯೇಕ ಕೊಟ್ಟಿದ್ದರೆ ಐದೂ ಕೊಡಬಹುದಿತ್ತು. ಒಂದೇ ಕ್ಷೇತ್ರದ ಬಗ್ಗೆ ತಿಳಿದರೆ ಸಾಕೆನ್ನುವವರು ಅಭ್ಯರ್ಥಿವಾರು ಕಡತ ಒಂದನ್ನೇ ಇಳಿಸಿಕೊಳ್ಳಲಿ. ಪ್ರಬಂಧ, ವರದಿ ಬರೆಯುವವರಿಗೆ ಮೂರೂ ಬೇಕು, ಜೊತೆಗೆ ಹುಟ್ಟಿದ ದೇಶದ ಕಡತವೂ.