ಸರ್ಜರಿಗೆ ವಿದೇಶಕ್ಕೆ ಹೊರಟಿದ್ದೀರಾ? ವಾಪಸ್ ಟಿಕೆಟ್ ತಾರೀಖು ಒಮ್ಮೆ ನೋಡಿ

ಹೊಟ್ಟೆ ಕರಗಿಸೋಕೆ, ಮೂಗು ತಿದ್ದಿಸೋಕೆ, ಕೂದಲು ನಾಟಿ ಮಾಡಿಸೋಕೆ ಅಂತ ವಿದೇಶದ ಪ್ಯಾಕೇಜ್ ನೋಡುತ್ತಿರುವವರಿಗೆ ಇದನ್ನು ಬರೆಯುತ್ತಿದ್ದೇನೆ. ಕಾಸ್ಮೆಟಿಕ್ ಸರ್ಜರಿ ಬೇಕೋ ಬೇಡವೋ ಅನ್ನುವ ಚರ್ಚೆ ಇಲ್ಲಿಲ್ಲ. ಅದು ಅವರವರ ಇಷ್ಟ. ಹೊರಗಿನ ಡಾಕ್ಟರುಗಳೆಲ್ಲ ಮೋಸಗಾರರು ಅಂತಲೂ ಹೇಳುತ್ತಿಲ್ಲ. ಒಳ್ಳೆಯ ಸರ್ಜನ್‌ಗಳು ಎಲ್ಲ ದೇಶದಲ್ಲೂ ಇದ್ದಾರೆ. ನನ್ನ ತಕರಾರು ಪ್ಯಾಕೇಜ್ ಬಗ್ಗೆ. ಒಬ್ಬ ಡಾಕ್ಟರೂ ನಿಮ್ಮ ಮೈ ಮುಟ್ಟಿ ನೋಡಿರುವುದಿಲ್ಲ. ಆದರೂ ನೀವು ಯಾವತ್ತು ವಿಮಾನ ಹತ್ತಿ ಮನೆಗೆ ಹೋಗುತ್ತೀರಿ ಅನ್ನುವುದು ಆಗಲೇ ಗೊತ್ತಾಗಿರುತ್ತದೆ. ಅಲ್ಲಿಂದ ಮುಂದೆ ಚಿಕಿತ್ಸೆಯೆಲ್ಲ ಆ ತಾರೀಖಿಗೆ ತಕ್ಕ ಹಾಗೆ ನಡೆಯುತ್ತದೆ, ನಿಮ್ಮ ಗಾಯಕ್ಕೆ ತಕ್ಕ ಹಾಗಲ್ಲ.

ನಾನು ನಮ್ಮಕ್ಕನ ಜೊತೆಗೆ ಹೋಗಿದ್ದೆ. ಅವಳಿಗೆ ಟಮ್ಮಿ ಟಕ್, ಅಂದರೆ ಹೊಟ್ಟೆಯ ಜೋಲು ಚರ್ಮ ಕತ್ತರಿಸಿ ಬಿಗಿ ಮಾಡುವುದು. ಅದರ ಜೊತೆಗೇ ಸೊಂಟದ ಲೈಪೋಸಕ್ಷನ್, ಅಂದರೆ ಕೊಬ್ಬನ್ನು ನಳಿಕೆಯಿಂದ ಹೀರಿ ತೆಗೆಯುವುದು. ಕ್ಲಿನಿಕ್ಕಿನ ಹೆಸರು, ಊರು ಎರಡನ್ನೂ ಬರೆಯುವುದಿಲ್ಲ. ಒಂದನ್ನು ಬಿಟ್ಟು ಅದರ ಪಕ್ಕದ್ದಕ್ಕೆ ಹೋದರೆ ಬಚಾವ್ ಅನ್ನುವ ಹಾಗೇನೂ ಇಲ್ಲ.

ಶುರುವಾಗಿದ್ದು ವಾಟ್ಸಾಪ್‌ನಲ್ಲಿ. 'ಪೇಷೆಂಟ್ ಕೋಆರ್ಡಿನೇಟರ್' ಅಂತ ಒಬ್ಬಳು. ಮುಂದಿನಿಂದ, ಪಕ್ಕದಿಂದ, ಹಿಂದಿನಿಂದ ಫೋಟೋ ತೆಗೆದು ಕಳಿಸಿ ಅಂದಳು. ಕಳಿಸಿದ ಸಂಜೆಯೇ ಉತ್ತರ ಬಂತು: ಡಿಯರ್, ನೀವು ಪರ್ಫೆಕ್ಟ್ ಕ್ಯಾಂಡಿಡೇಟ್. ಜೊತೆಗೆ ಹೋಟೆಲ್, ಏರ್‌ಪೋರ್ಟ್ ಕಾರು, ಕಂಪ್ರೆಷನ್ ಬೆಲ್ಟ್, ಔಷಧಿ ಎಲ್ಲಾ ಸೇರಿಸಿ ಒಂದು ಬೆಲೆ. ಈ ವಾರ ಬುಕ್ ಮಾಡಿದರೆ ಡಿಸ್ಕೌಂಟ್ ಬೇರೆ. ಆಪರೇಷನ್‌ಗೆ ಸೀಸನ್ ಆಫರ್ ಯಾಕೆ ಅಂತ ನನಗೆ ಆಗಲೇ ಒಂಥರಾ ಅನ್ನಿಸಿತ್ತು.

ಫೋಟೋದಲ್ಲಿ ಚರ್ಮ ಕಾಣುತ್ತೆ, ಅಷ್ಟೇ. ಹೊಟ್ಟೆಯ ಸ್ನಾಯು ಎಷ್ಟು ಅಗಲಕ್ಕೆ ಬಿಟ್ಟುಕೊಂಡಿದೆ, ಹರ್ನಿಯಾ ಇದೆಯಾ, ಹಿಮೋಗ್ಲೋಬಿನ್ ಎಷ್ಟು, ಮನೆಯಲ್ಲಿ ಯಾರಿಗಾದರೂ ರಕ್ತ ಹೆಪ್ಪುಗಟ್ಟಿದ ಇತಿಹಾಸ ಇದೆಯಾ, ಇದ್ಯಾವುದೂ ಕಾಣಲ್ಲ. ಒಂದು ಫಾರ್ಮ್ ಕಳಿಸಿದ್ದರು ನಿಜ. ಅದರಲ್ಲಿ ಅಕ್ಕ ಗರ್ಭನಿರೋಧಕ ಮಾತ್ರೆ ತಗೊಳ್ಳುವ ವಿಷಯವನ್ನು ಬರೆದಿದ್ದಳು. ಈಸ್ಟ್ರೋಜೆನ್ ಇರುವ ಮಾತ್ರೆ ರಕ್ತ ಹೆಪ್ಪುಗಟ್ಟುವ ಅಪಾಯವನ್ನು ಜಾಸ್ತಿ ಮಾಡುತ್ತೆ. ದೊಡ್ಡ ಆಪರೇಷನ್ ಇನ್ನೊಂದಷ್ಟು ಜಾಸ್ತಿ ಮಾಡುತ್ತೆ. ಅದರ ಮೇಲೆ ಗಂಟೆಗಟ್ಟಲೆ ವಿಮಾನದಲ್ಲಿ ಕಾಲು ಮಡಚಿ ಕೂರುವುದು. ಈ ಮೂರೂ ಒಬ್ಬಳ ಮೈಯಲ್ಲೇ ಸೇರಲಿವೆ ಅಂತ ಗೊತ್ತಾದ ಮೇಲೆ ಯಾರಾದರೂ ಒಂದು ಮಾತು ಕೇಳಬೇಕಿತ್ತು. ಕೇಳಲಿಲ್ಲ. ಆ ಫಾರ್ಮನ್ನು ಡಾಕ್ಟರ್ ಓದಿದ್ದರು ಅನ್ನುವುದಕ್ಕೆ ನನಗೆ ಈವರೆಗೂ ಒಂದೇ ಒಂದು ಸುಳಿವೂ ಸಿಕ್ಕಿಲ್ಲ.

ರಾತ್ರಿ ಇಳಿದೆವು, ಬೆಳಿಗ್ಗೆ ಆಪರೇಷನ್. ಇನ್‌ಸ್ಟಾಗ್ರಾಮ್‌ನಲ್ಲಿ ನಗುತ್ತಿದ್ದ ಸರ್ಜನ್ ಬರಲಿಲ್ಲ. ಬಂದವರು ಬೇರೆಯವರು, ಅವರು 'ಅದೇ ಟೀಮ್' ಅಂತೆ. ಕೈಯಲ್ಲಿ ಮಾರ್ಕರ್ ಹಿಡಿದೇ ಒಳಗೆ ಬಂದರು. ಗೆರೆ ಎಳೆಯುತ್ತಾ ಎಳೆಯುತ್ತಾನೇ ಸಮಾಲೋಚನೆ ಮುಗಿಯಿತು. ಅರಿವಳಿಕೆ ಕೊಡುವ ಡಾಕ್ಟರ್ ಯಾರು ಅಂದರೆ, ಒಳಗಿದ್ದಾರೆ ಅಂದರು. ಏನಾದರೂ ಹೆಚ್ಚುಕಮ್ಮಿ ಆದರೆ ಐಸಿಯು ಎಲ್ಲಿದೆ ಅಂದರೆ, ಹತ್ತಿರದಲ್ಲೇ ದೊಡ್ಡ ಆಸ್ಪತ್ರೆ ಇದೆ ಅಂದರು. ಅಂದರೆ ಆ ಕಟ್ಟಡದಲ್ಲಿ ಐಸಿಯು ಇಲ್ಲ. ವೆಬ್‌ಸೈಟಿನಲ್ಲಿ ಹಾಕಿಕೊಂಡಿದ್ದ ಮಾನ್ಯತೆಯ ಮುದ್ರೆಯೂ ಇವರದಲ್ಲ. ಇವರು ಆಗಾಗ ಆಪರೇಷನ್ ಥಿಯೇಟರ್ ಬಾಡಿಗೆಗೆ ಪಡೆಯುವ ಬೇರೊಂದು ಆಸ್ಪತ್ರೆಯದು ಅಂತ ಆಮೇಲೆ ಗೊತ್ತಾಯಿತು. ಜೆಸಿಐ (ಆಸ್ಪತ್ರೆಗಳ ಗುಣಮಟ್ಟ ನೋಡಿ ಮಾನ್ಯತೆ ಕೊಡುವ ಅಂತರರಾಷ್ಟ್ರೀಯ ಸಂಸ್ಥೆ) ಮಾನ್ಯತೆ ಇದೆ ಅಂತ ಯಾರಾದರೂ ಹೇಳಿದರೆ ಮುದ್ರೆ ನೋಡಿ ನಂಬಬೇಡಿ. ಜೆಸಿಐ ತನ್ನದೇ ವೆಬ್‌ಸೈಟಿನಲ್ಲಿ ಪಟ್ಟಿ ಹಾಕಿದೆ, ಅಲ್ಲಿ ಹೆಸರು ಹುಡುಕಿ. ಆಮೇಲೆ ನಿಮ್ಮ ಆಪರೇಷನ್ ಆಗುವುದು ಆ ಕಟ್ಟಡದಲ್ಲೇನಾ ಅಂತ ಬರಹದಲ್ಲಿ ಕೇಳಿ. ಟರ್ಕಿಯಂಥ ದೇಶದಲ್ಲಿ ವಿದೇಶಿ ರೋಗಿಗಳನ್ನು ಕರೆಸಿಕೊಳ್ಳುವ ಆಸ್ಪತ್ರೆಗೂ, ನಡುವಿನ ಏಜೆನ್ಸಿಗೂ ಆರೋಗ್ಯ ಸಚಿವಾಲಯದ ಬೇರೆಯೇ ಪರವಾನಗಿ ಬೇಕು. ಅದನ್ನು ತೋರಿಸಿ ಅಂತ ಕೇಳುವುದರಲ್ಲಿ ನಾಚಿಕೆ ಏನಿಲ್ಲ.

ಗೆರೆ ಎಳೆಯುವಾಗಲೇ ಕೋಆರ್ಡಿನೇಟರ್ ಇನ್ನೊಂದು ಮಾತು ತೆಗೆದಳು. ಹೇಗೂ ಕೊಬ್ಬು ತೆಗೀತಾರಲ್ಲ, ಅದನ್ನೇ ಹಿಂಭಾಗಕ್ಕೆ ಹಾಕಿಸಿಕೊಳ್ಳಿ, ಅರ್ಧ ಬೆಲೆ. ಬಿಬಿಎಲ್ (ಬ್ರೆಜಿಲಿಯನ್ ಬಟ್ ಲಿಫ್ಟ್) ಅನ್ನುತ್ತಾರಲ್ಲ, ಅದು. ಅಕ್ಕ ಬೇಡ ಅಂದಳು, ಪುಣ್ಯ. ಪೃಷ್ಠದ ಸ್ನಾಯುವಿನ ಒಳಗೆ ದಪ್ಪ ರಕ್ತನಾಳಗಳಿವೆ. ಕೊಬ್ಬು ಚುಚ್ಚುವ ನಳಿಕೆ ಸ್ವಲ್ಪ ಆಳಕ್ಕೆ ಹೋದರೆ ಕೊಬ್ಬು ಆ ನಾಳ ಹಿಡಿದು ಹೃದಯಕ್ಕೆ, ಅಲ್ಲಿಂದ ಶ್ವಾಸಕೋಶಕ್ಕೆ ಹೋಗುತ್ತೆ. ಟೇಬಲ್ ಮೇಲೇ ಜೀವ ಹೋದವರಿದ್ದಾರೆ. 2017ರಲ್ಲಿ ಪ್ಲಾಸ್ಟಿಕ್ ಸರ್ಜನ್‌ಗಳದೇ ಒಂದು ತಂಡ ಲೆಕ್ಕ ಹಾಕಿದಾಗ ಸುಮಾರು 3,000ಕ್ಕೆ ಒಂದು ಸಾವು ಅಂತ ಅಂದಾಜಾಯಿತು. ಸ್ನಾಯುವಿನೊಳಗೆ ಚುಚ್ಚಬಾರದು ಅಂತ ಪದ್ಧತಿ ಬದಲಾದ ಮೇಲೆ ಆ ಅಂದಾಜು ಇಳಿದಿದೆ. ಆದರೆ 2018ರಲ್ಲಿ ಬ್ರಿಟನ್ನಿನ ಸೌಂದರ್ಯ ಪ್ಲಾಸ್ಟಿಕ್ ಸರ್ಜನ್‌ಗಳ ಸಂಘ ಈ ಆಪರೇಷನ್ನನ್ನೇ ನಿಲ್ಲಿಸಿ ಅಂತ ತನ್ನ ಸದಸ್ಯರಿಗೆ ಸಲಹೆ ಕೊಟ್ಟಿತ್ತು. ಅಮೆರಿಕದ ಫ್ಲಾರಿಡಾದಲ್ಲಿ 2022ರಲ್ಲಿ ಒಬ್ಬ ಸರ್ಜನ್ ದಿನಕ್ಕೆ 3ಕ್ಕಿಂತ ಜಾಸ್ತಿ ಬಿಬಿಎಲ್ ಮಾಡಬಾರದು ಅಂತ ತುರ್ತು ನಿಯಮ ತಂದರು. ಇಂಥದ್ದನ್ನು ಆಪರೇಷನ್ ಗೌನ್ ತೊಟ್ಟು ನಿಂತವಳ ಹತ್ತಿರ, ಬಟ್ಟೆ ಅಂಗಡಿಯಲ್ಲಿ ಇನ್ನೊಂದು ರವಿಕೆ ಪೀಸ್ ತಗೊಳ್ಳಿ ಅಂದ ಹಾಗೆ ಕೇಳುತ್ತಾರೆ.

ಆಪರೇಷನ್ ಆಯಿತು. ಒಂದು ರಾತ್ರಿ ಕ್ಲಿನಿಕ್, ಆಮೇಲೆ ಹೋಟೆಲ್. ಟಮ್ಮಿ ಟಕ್ ಆದವರ ಹೊಟ್ಟೆಯ ಎರಡೂ ಬದಿಯಿಂದ ಸಣ್ಣ ಪೈಪು ಹೊರಗೆ ಬಿಟ್ಟಿರುತ್ತಾರೆ. ಅದರ ತುದಿಗೆ ಮುಷ್ಟಿಯಷ್ಟು ದೊಡ್ಡ ಪ್ಲಾಸ್ಟಿಕ್ ಬಲ್ಬು. ಹಿಂಡಿ ಮುಚ್ಚಳ ಹಾಕಿದರೆ ಅದು ಒಳಗಿನ ದ್ರವವನ್ನು ಎಳೆದುಕೊಳ್ಳುತ್ತಾ ಇರುತ್ತದೆ. ತುಂಬಿದಾಗ ಖಾಲಿ ಮಾಡಿ, ಎಷ್ಟು ಮಿಲಿ ಬಂತು ಅಂತ ಬರೆದಿಡಬೇಕು. ಆ ಕೆಲಸ ನನ್ನದಾಗಿತ್ತು. ಸಾಮಾನ್ಯವಾಗಿ ಒಂದು ಪೈಪಿನಿಂದ 24 ಗಂಟೆಗೆ ಸುಮಾರು 30 ಮಿಲಿಗಿಂತ ಕಡಿಮೆ ಬರುವವರೆಗೆ ಅದನ್ನು ತೆಗೆಯಲ್ಲ. ನನ್ನ ಚೀಟಿಯಲ್ಲಿ ಎಡಗಡೆಯದು ಇನ್ನೂ 70ರ ಮೇಲೇ ಇತ್ತು, ಬಣ್ಣವೂ ಕೆಂಪಗೇ ಇತ್ತು. ಸಂಜೆ ಒಬ್ಬಳು ನರ್ಸ್ ಹೋಟೆಲ್ ರೂಮಿಗೆ ಬಂದಳು. ತನ್ನ ಹೆಗಲ ಚೀಲದಿಂದ ಗ್ಲೌಸ್ ತೆಗೆದಳು, ಅದೇ ಚೀಲದ ಇನ್ನೊಂದು ಜೇಬಿನಿಂದ ಕತ್ತರಿ ತೆಗೆದಳು. ಹೊಲಿಗೆ ಕತ್ತರಿಸಿ ಎರಡೂ ಪೈಪು ಎಳೆದುಬಿಟ್ಟಳು. ನಾನು ಚೀಟಿ ಮುಂದೆ ಹಿಡಿದೆ. ಅವಳು ಅದನ್ನು ನೋಡಿದಳು, ಓದಲಿಲ್ಲ. ಫೋನಿನಲ್ಲಿ ಕೋಆರ್ಡಿನೇಟರ್ ಹತ್ತಿರ ಕೇಳಿದಾಗ ಸಿಕ್ಕ ಉತ್ತರ: ನಾಳೆ ಫ್ಲೈಟ್ ಇದೆಯಲ್ವಾ ಡಿಯರ್.

ಹೊಟ್ಟೆ ಅಥವಾ ಎದೆಯ ಆಪರೇಷನ್ ಆದವರು ಕನಿಷ್ಠ 10 ದಿನ ವಿಮಾನ ಹತ್ತಬೇಡಿ ಅನ್ನುತ್ತದೆ ಅಮೆರಿಕ ಸರ್ಕಾರದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ. ಮುಖ, ಕಣ್ಣುರೆಪ್ಪೆ, ಮೂಗಿನ ಸರ್ಜರಿಗೂ 7ರಿಂದ 10 ದಿನ ಅನ್ನುತ್ತಾರೆ. ಇದು ಎಲ್ಲ ಸರಿಯಿದ್ದಾಗಿನ ಮಾತು. ನಮ್ಮ ಪ್ಯಾಕೇಜ್‌ನಲ್ಲಿ ಆಪರೇಷನ್ ಆಗಿ ವಾರ ತುಂಬುವ ಮೊದಲೇ ವಾಪಸ್ ಟಿಕೆಟ್ ಇತ್ತು. ರಕ್ತ ಹೆಪ್ಪುಗಟ್ಟದಿರಲಿ ಅಂತ ಕೊಡುವ ಇಂಜೆಕ್ಷನ್ ಎಷ್ಟು ದಿನ ಮುಂದುವರಿಸಬೇಕು ಅಂತ ಹೇಳಿದವರೂ ಇಲ್ಲ.

ಮನೆಗೆ ಬಂದ ಮೇಲೆ ಅಕ್ಕ ಪಕ್ಕಕ್ಕೆ ಹೊರಳಿದರೆ ಚರ್ಮದ ಕೆಳಗೆ ನೀರು ತುಳುಕುವುದು ಕಣ್ಣಿಗೇ ಕಾಣುತ್ತಿತ್ತು. ಸೆರೋಮಾ ಅನ್ನುತ್ತಾರೆ. ಪೈಪಿನಿಂದ ಹೊರಗೆ ಬರಬೇಕಿದ್ದ ದ್ರವ ಒಳಗೇ ನಿಂತಿತ್ತು. ಸಿರಿಂಜ್ ಹಾಕಿ ತೆಗೆಸಬೇಕು, ಮತ್ತೆ ತುಂಬುತ್ತೆ, ಮತ್ತೆ ತೆಗೆಸಬೇಕು. ಅದಕ್ಕೂ ಡಾಕ್ಟರ್ ಸಿಗಲಿಲ್ಲ. ಬೇರೆಯವರು ಮಾಡಿದ ಆಪರೇಷನ್, ಒಳಗೆ ಏನು ಮಾಡಿದ್ದಾರೋ ಗೊತ್ತಿಲ್ಲ, ಅಲ್ಲಿಗೇ ಹೋಗಿ ಅಂದರು. ಅವರನ್ನು ಬೈಯಲಾರೆ. ನಮ್ಮ ಕೈಯಲ್ಲಿದ್ದದ್ದು ಒಂದೇ ಹಾಳೆ. ಅದರಲ್ಲಿ ಆಂಟಿಬಯೋಟಿಕ್ ಹೆಸರು, ಒಂದು ಹೂವಿನ ಚಿತ್ರ, ಥ್ಯಾಂಕ್ಯೂ. ಎಷ್ಟು ಕೊಬ್ಬು ತೆಗೆದರು, ಸ್ನಾಯು ಹೊಲಿದರಾ, ಮೆಶ್ (ಆಧಾರಕ್ಕೆ ಒಳಗೆ ಕೂರಿಸುವ ಜಾಲರಿ) ಹಾಕಿದರಾ, ಯಾವ ಅರಿವಳಿಕೆ ಕೊಟ್ಟರು, ಒಂದೂ ಇಲ್ಲ. ಕೋಆರ್ಡಿನೇಟರ್‌ಗೆ ಮೆಸೇಜ್ ಹಾಕಿದರೆ ನೀಲಿ ಟಿಕ್ ಬರುತ್ತಿತ್ತು, ಉತ್ತರ ಬರುತ್ತಿರಲಿಲ್ಲ. ಬುಕ್ ಮಾಡುವ ಮುಂಚೆ ಇದೇ ನಂಬರ್ ಮಧ್ಯರಾತ್ರಿಯೂ ಉತ್ತರ ಕೊಡುತ್ತಿತ್ತು.

ನಿಜವಾದ ತಲೆನೋವು ಇನ್ನೂ ಕೆಲವು ವಾರ ಬಿಟ್ಟು ಬಂತು. ಗಾಯ ಮೇಲೆ ಕೂಡಿಕೊಂಡಿತ್ತು. ಆದರೆ ಗೆರೆಯ ಉದ್ದಕ್ಕೂ ನೇರಳೆ ಬಣ್ಣದ ಗಂಟುಗಳು ಎದ್ದವು. ಒಡೆದು ತೆಳ್ಳಗೆ ಕೀವು. ಜ್ವರ ಇಲ್ಲ. ಆಂಟಿಬಯೋಟಿಕ್ ಕೋರ್ಸ್ ಮುಗಿಸಿದರೂ ಹಾಗೇ. ಕೀವಿನ ಕಲ್ಚರ್ (ಲ್ಯಾಬಿನಲ್ಲಿ ರೋಗಾಣು ಬೆಳೆಸಿ ನೋಡುವ ಪರೀಕ್ಷೆ) ಮಾಡಿಸಿದರೆ ಏನೂ ಬೆಳೆದಿಲ್ಲ ಅಂತ ರಿಪೋರ್ಟ್. ಕೊನೆಗೆ ಸೋಂಕು ರೋಗಗಳ ತಜ್ಞರೊಬ್ಬರು ಗಂಟನ್ನು ಒತ್ತಿ ನೋಡಿ, 'ಏನಮ್ಮಾ, ಇದನ್ನ ಎಲ್ಲಿ ಮಾಡಿಸಿಕೊಂಡ್ರಿ?' ಅಂದರು. ಅಕ್ಕ ಆವರೆಗೆ ಹೋದಲ್ಲೆಲ್ಲ ಊರಿನ ಹೆಸರು ನುಂಗಿಕೊಳ್ಳುತ್ತಿದ್ದಳು. ಅವತ್ತು ಹೇಳಿದಳು. ಅವರು ಬೇರೆ ಥರದ ಕಲ್ಚರ್‌ಗೆ ಬರೆದುಕೊಟ್ಟರು.

ಅದು ಕ್ಷಯದ ರೋಗಾಣುವಿನ ದೂರದ ನೆಂಟ, ಮೈಕೋಬ್ಯಾಕ್ಟೀರಿಯಮ್ ಅಬ್ಸೆಸಸ್. ನೀರಿನಲ್ಲಿ, ಮಣ್ಣಿನಲ್ಲಿ ಇರುತ್ತದೆ. ಸರಿಯಾಗಿ ಸ್ಟೆರಿಲೈಸ್ ಮಾಡದ ಸಲಕರಣೆಯಿಂದ, ನಲ್ಲಿ ನೀರಿನಿಂದ ಗಾಯದೊಳಗೆ ಹೋಗಬಹುದು. ಮಾಮೂಲಿ ಕಲ್ಚರ್‌ನಲ್ಲಿ ಸುಲಭವಾಗಿ ಸಿಕ್ಕಿಬೀಳಲ್ಲ. ಮಾಮೂಲಿ ಮಾತ್ರೆಗೂ ಬಗ್ಗಲ್ಲ. ಎರಡು ಮೂರು ಔಷಧಿ ಒಟ್ಟಿಗೆ, ತಿಂಗಳುಗಟ್ಟಲೆ, ಕೆಲವು ಇಂಜೆಕ್ಷನ್ ರೂಪದಲ್ಲಿ. ಜೊತೆಗೆ ಹಾಳಾದ ಭಾಗವನ್ನು ಕತ್ತರಿಸಿ ತೆಗೆಯುವ ಆಪರೇಷನ್. ಚಪ್ಪಟೆ ಹೊಟ್ಟೆಗೆ ಅಂತ ಹೋದವಳ ಹೊಟ್ಟೆಯ ಮೇಲೆ ಈಗ ಹಳ್ಳ ಬಿದ್ದ ಕಲೆಗಳಿವೆ.

ನಮಗೊಬ್ಬರಿಗೇ ಆದ ಗ್ರಹಚಾರವಂತೂ ಅಲ್ಲ. 2013-14ರಲ್ಲಿ ಡೊಮಿನಿಕನ್ ರಿಪಬ್ಲಿಕ್‌ನಲ್ಲಿ ಕಾಸ್ಮೆಟಿಕ್ ಸರ್ಜರಿ ಮಾಡಿಸಿಕೊಂಡು ಅಮೆರಿಕಕ್ಕೆ ಮರಳಿದ ಹೆಂಗಸರಲ್ಲಿ ಇದೇ ಜಾತಿಯ ಸೋಂಕು ಸಾಲಾಗಿ ಕಾಣಿಸಿತ್ತು. ಡೊಮಿನಿಕನ್ ರಿಪಬ್ಲಿಕ್‌ನಲ್ಲೇ 2009ರಿಂದ 2022ರವರೆಗೆ ಕಾಸ್ಮೆಟಿಕ್ ಸರ್ಜರಿಯ ನಂತರ 93 ಅಮೆರಿಕನ್ನರು ಸತ್ತಿದ್ದಾರೆ ಅಂತ ಸಿಡಿಸಿ 2024ರಲ್ಲಿ ಪ್ರಕಟಿಸಿತು. ವಿವರವಾಗಿ ಪರಿಶೀಲಿಸಿದ ಸಾವುಗಳಲ್ಲಿ ಹೆಚ್ಚಿನವಕ್ಕೆ ಕಾರಣ ಕೊಬ್ಬು ಅಥವಾ ರಕ್ತದ ಹೆಪ್ಪು ಹೋಗಿ ರಕ್ತನಾಳ ಕಟ್ಟಿದ್ದು. 2023ರಲ್ಲಿ ಮೆಕ್ಸಿಕೋದ ಮಟಮೊರೋಸ್ ಊರಿನ ಎರಡು ಕ್ಲಿನಿಕ್‌ಗಳಲ್ಲಿ ಲೈಪೋಸಕ್ಷನ್‌ನಂಥ ಆಪರೇಷನ್‌ಗೆ ಬೆನ್ನಿಗೆ ಅರಿವಳಿಕೆ ಚುಚ್ಚಿಸಿಕೊಂಡವರಿಗೆ ಫಂಗಸ್‌ನಿಂದ ಮಿದುಳುಪೊರೆಯ ಉರಿಯೂತ ಬಂತು. ಹಲವರು ಸತ್ತರು. ಮೊದಮೊದಲು ಬರೀ ತಲೆನೋವು ಅಂದುಕೊಂಡು ಮನೆಯಲ್ಲೇ ಇದ್ದವರಿದ್ದರು. ಇವೆಲ್ಲ ಮನೆಗೆ ಬಂದ ಮೇಲೆ ತಲೆ ಎತ್ತುವ ತೊಂದರೆಗಳು. ಅಷ್ಟರಲ್ಲಿ ಪ್ಯಾಕೇಜ್ ಮುಗಿದಿರುತ್ತೆ.

ದುಡ್ಡಿನ ಕಥೆ ಬೇಗ ಹೇಳಿ ಮುಗಿಸುತ್ತೇನೆ. ಮಾಮೂಲಿ ಟ್ರಾವೆಲ್ ಇನ್ಶೂರೆನ್ಸ್, ನೀವೇ ಪ್ಲಾನ್ ಮಾಡಿ ಹೋದ ಕಾಸ್ಮೆಟಿಕ್ ಸರ್ಜರಿಯಿಂದಾದ ತೊಂದರೆಗೆ ಸಾಮಾನ್ಯವಾಗಿ ಕಾಸು ಬಿಚ್ಚಲ್ಲ. ಬಾಕಿ ಹಣವನ್ನು ಕ್ಯಾಶ್ ಕೊಡಿ ಅಂದಿದ್ದರು, ರಸೀದಿಯಲ್ಲಿ ಪೂರ್ತಿ ಮೊತ್ತ ಇರಲಿಲ್ಲ. ಬೆಳಿಗ್ಗೆ ಅವಸರದಲ್ಲಿ ಸಹಿ ಹಾಕಿಸಿಕೊಂಡ ಕಾಗದದಲ್ಲಿ, ಏನೇ ವ್ಯಾಜ್ಯ ಇದ್ದರೂ ಅವರ ದೇಶದ ಕೋರ್ಟಿನಲ್ಲೇ ಅಂತ ಇತ್ತು. ನಾವು ಜೋರು ಮಾಡಿದ ಮೇಲೆ ಅವರು ಕೊಟ್ಟ ಪರಿಹಾರ: ಮತ್ತೆ ಬನ್ನಿ, ಫ್ರೀಯಾಗಿ ಸರಿ ಮಾಡ್ತೀವಿ, ಟಿಕೆಟ್ ಖರ್ಚು ನಿಮ್ಮದು, ಹಾಕಿರೋ ರಿವ್ಯೂ ತೆಗೀರಿ. ಅಕ್ಕ ಆ ಮೆಸೇಜ್ ಓದಿ ನಕ್ಕಳು. ನನಗೆ ನಗು ಬರಲಿಲ್ಲ.

ಈಗಾಗಲೇ ಅಡ್ವಾನ್ಸ್ ಕೊಟ್ಟಿರುವವರು ಇರ್ತೀರಿ. ವಾಪಸ್ ಟಿಕೆಟ್ಟನ್ನು ತಾರೀಖು ಬದಲಿಸಬಹುದಾದದ್ದೇ ತೆಗೆಸಿ, ಅದಕ್ಕೆ ಜಾಸ್ತಿ ದುಡ್ಡಾದರೂ ಪರವಾಗಿಲ್ಲ. ಹೋಟೆಲ್ಲಿಗೂ ಅಷ್ಟೇ, ವಾರಗಟ್ಟಲೆ ಮುಂದೂಡುವಷ್ಟು ಹಣ ಪಕ್ಕಕ್ಕಿಡಿ. ಹೊರಡುವ ಮೊದಲೇ ನಿಮ್ಮ ಹತ್ತಿರದ ಸರ್ಜನ್ ಒಬ್ಬರ ಹತ್ತಿರ ಹೋಗಿ, ಬಂದ ಮೇಲೆ ನೀವು ನೋಡ್ತೀರಾ ಅಂತ ಕೇಳಿ. ಬೈದರೆ ಬೈಸಿಕೊಳ್ಳಿ. ಕತ್ತಿ ಹಿಡಿಯುವ ಸರ್ಜನ್ ಹೆಸರನ್ನೂ ಅರಿವಳಿಕೆ ಡಾಕ್ಟರ್ ಹೆಸರನ್ನೂ ಬರಹದಲ್ಲಿ ತರಿಸಿಕೊಂಡು, ವಿಡಿಯೋ ಕಾಲ್‌ನಲ್ಲಿ ಸರ್ಜನ್ ಜೊತೆಗೇ ಮಾತಾಡಿ, ಕೋಆರ್ಡಿನೇಟರ್ ಜೊತೆ ಅಲ್ಲ. ಸಿಗರೇಟು ಸೇದುವವರಾದರೆ ಎಷ್ಟು ವಾರ ಮುಂಚೆ ಬಿಡಬೇಕು ಅಂತ ನೀವು ಕೇಳುವ ಮೊದಲೇ ಅವರು ಹೇಳಬೇಕು. ಹೇಳದಿದ್ದರೆ ಆ ಸರ್ಜನ್ ಬೇಡ. ನಿಕೋಟಿನ್ ಇದ್ದರೆ ಚರ್ಮಕ್ಕೆ ರಕ್ತ ಸರಿಯಾಗಿ ಹರಿಯದೆ ಹೊಲಿದ ಜಾಗ ಕೊಳೆಯಬಹುದು.

ಆಪರೇಷನ್ ನೋಟ್ ಪೂರ್ತಿಯಾಗಿ, ಸಹಿ ಸಮೇತ ಕೈಗೆ ಬರುವವರೆಗೆ ಬಾಕಿ ಹಣ ಕೊಡಬೇಡಿ. ಏನಾದರೂ ಒಳಗೆ ಕೂರಿಸಿದ್ದರೆ ಅದರ ಕಂಪನಿ, ಸೀರಿಯಲ್ ನಂಬರ್ ಇರುವ ಕಾರ್ಡ್ ಕೂಡ ಬೇಕು. ಫ್ರಾನ್ಸಿನ ಪಿಐಪಿ ಕಂಪನಿ ಸ್ತನದ ಇಂಪ್ಲಾಂಟ್‌ಗೆ ಕೈಗಾರಿಕೆಗೆ ಬಳಸುವ ಸಿಲಿಕೋನ್ ತುಂಬಿ ಮಾರಿದ್ದು 2010ರಲ್ಲಿ ಬಯಲಾದಾಗ, ತಮ್ಮೊಳಗೆ ಇರುವುದು ಯಾವ ಕಂಪನಿಯದು ಅಂತ ಹೆಂಗಸರು ಹಳೇ ಕಾಗದ ಹುಡುಕಬೇಕಾಯಿತು. ಮನೆಗೆ ಬಂದ ಮೇಲೆ ಒಂದು ಕಾಲು ಮಾತ್ರ ಊದಿಕೊಂಡು ನೋಯುತ್ತಿದ್ದರೆ, ಉಸಿರಾಡಲು ಕಷ್ಟವಾದರೆ, ಎದೆ ನೋವು ಬಂದರೆ ಕೋಆರ್ಡಿನೇಟರ್‌ಗೆ ಮೆಸೇಜ್ ಹಾಕುತ್ತಾ ಕೂರಬೇಡಿ, ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ವಾರಗಳು ಕಳೆದ ಮೇಲೂ ಗಾಯದ ಮೇಲೆ ಗಂಟು ಏಳುತ್ತಿದ್ದರೆ ಎಲ್ಲಿ, ಯಾವಾಗ, ಏನು ಮಾಡಿಸಿಕೊಂಡಿರಿ ಅಂತ ಡಾಕ್ಟರಿಗೆ ಮುಚ್ಚಿಡದೆ ಹೇಳಿ, ಮೈಕೋಬ್ಯಾಕ್ಟೀರಿಯಾ ಕಲ್ಚರ್ ಮಾಡಿಸಬೇಕಾ ಅಂತ ನೀವೇ ಬಾಯಿಬಿಟ್ಟು ಕೇಳಿ.