ಕಾಸರಗೋಡಿನಲ್ಲಿ ಒಂದು ವಾರದ ನಾಟಕಗಳು: ಕಿವಿಗೆ ಬಿದ್ದದ್ದು, ಬೀಳದೆ ಹೋದದ್ದು

ಕಾಸರಗೋಡು ಪೇಟೆಯ ಸಭಾಂಗಣವೊಂದರಲ್ಲಿ ಕಳೆದ ವಾರ ಪ್ರತಿ ಸಂಜೆ ಒಂದೊಂದು ತಂಡ ಬಂದು ಪ್ರದರ್ಶನ ನೀಡಿತು. ಎಲ್ಲವನ್ನೂ ನೋಡಿದ ಮೇಲೆ ಹೇಳಬೇಕಾದುದೆಂದರೆ, ನಾಟಕಗಳ ಆಯ್ಕೆಯಲ್ಲಿ ಆಯೋಜಕರು ತೋರಿದ ವಿವೇಕ ಧ್ವನಿವ್ಯವಸ್ಥೆಯಲ್ಲಿ ಕಾಣಲಿಲ್ಲ. ಇಲ್ಲಿನ ಪ್ರೇಕ್ಷಕರು ಮನೆಯಲ್ಲಿ ತುಳುವನ್ನೋ ಹವ್ಯಕ ಕನ್ನಡವನ್ನೋ ಆಡಿ, ಪೇಟೆಯಲ್ಲಿ ಮಲಯಾಳದಲ್ಲಿ ವ್ಯವಹರಿಸಿ, ಯಕ್ಷಗಾನದ ಪದಗಳಿಗೆ ವೇಷವಿಲ್ಲದೆ ಕುಳಿತು ಮಾತು ಹೆಣೆಯುವ ತಾಳಮದ್ದಳೆಯ ಅರ್ಥಗಾರಿಕೆಯನ್ನು ಕೇಳುತ್ತಾ ಕನ್ನಡದ ರುಚಿ ಹತ್ತಿಸಿಕೊಂಡವರು. ರಂಗದ ಬೆಳಕು ಮಂಕಾದರೆ ಅವರು ಸಹಿಸಿಯಾರು, ಮಾತು ಕೇಳಿಸದಿದ್ದರೆ ಸಹಿಸುವವರಲ್ಲ.

ವಾರದ ಅತ್ಯುತ್ತಮ ಪ್ರಯೋಗ ಗಿರೀಶ ಕಾರ್ನಾಡರ ‘ತುಘಲಕ್’. 1964ರ ಈ ನಾಟಕವನ್ನು ಆಡುವವರು ಸಾಮಾನ್ಯವಾಗಿ ಸುಲ್ತಾನನ ಪಾತ್ರಕ್ಕೆ ಒಬ್ಬ ಗಟ್ಟಿ ನಟನನ್ನು ಹುಡುಕಿ, ಉಳಿದವರನ್ನು ಅವನ ಸುತ್ತ ನಿಲ್ಲಿಸಿಬಿಡುತ್ತಾರೆ. ಈ ತಂಡ ಮಾತ್ರ ಅಗಸ ಅಜೀಜನ ಪಾತ್ರಕ್ಕೂ ಅಷ್ಟೇ ತೂಕ ಕೊಟ್ಟಿತ್ತು. ಬ್ರಾಹ್ಮಣನ ವೇಷದಲ್ಲಿ ಸುಲ್ತಾನನ ಮೇಲೆಯೇ ದಾವೆ ಹೂಡಿ ಗೆದ್ದವನು ಯಾರೆಂಬುದು ಮೊದಲ ದೃಶ್ಯದ ಕೊನೆಗೆ ಬಯಲಾದಾಗ ಸಭೆ ಗೊಳ್ಳನೆ ನಕ್ಕಿತು. ಸುಲ್ತಾನನ ಒಂದೊಂದು ಆದರ್ಶವೂ ಇವನ ಕೈಯಲ್ಲಿ ದಂಧೆಯಾಗುವುದನ್ನು ಕಾಣುತ್ತಾ ಹೋದಂತೆ ಅದೇ ನಗು ಸಣ್ಣದಾಗುತ್ತಾ ಬಂತು. ಪ್ರಾರ್ಥನೆಯ ವೇಳೆ ಸುಲ್ತಾನನನ್ನು ಕೊಲ್ಲುವ ಸಂಚು ಬಯಲಾಗಿ, ಅದರಲ್ಲಿ ಸೇರಿದ್ದ ಶಿಹಾಬುದ್ದೀನನನ್ನು ಇರಿಯುವ ದೃಶ್ಯದಲ್ಲಿ, ಅವನು ಸತ್ತ ಮೇಲೂ ಸುಲ್ತಾನನ ಕೈ ನಿಲ್ಲಲಿಲ್ಲ. ಕೊನೆಗೊಮ್ಮೆ ನಿಂತಾಗ ನಟ ತನ್ನ ನಿಲುವಂಗಿಯ ಅಂಚಿನಿಂದ ಬೆರಳುಗಳನ್ನು ಒಂದೊಂದಾಗಿ ಒರೆಸಿಕೊಂಡು, ಇನ್ನು ರಾಜ್ಯದಲ್ಲಿ ಪ್ರಾರ್ಥನೆಯೇ ಇರಕೂಡದೆಂಬ ಆಜ್ಞೆಯನ್ನು ದಿನಸಿ ಪಟ್ಟಿ ಬರೆಸುವವನ ಧಾಟಿಯಲ್ಲಿ ಹೇಳಿದ. ಹಿಂದಿನ ಸಾಲಿನವರೆಗೂ ಆ ಮಾತು ಸ್ಪಷ್ಟವಾಗಿ ಮುಟ್ಟಿತು, ಏಕೆಂದರೆ ಮೈಕುಗಳೇ ಬೇಡವೆಂದು ತಂಡದವರು ಮೊದಲೇ ಹೇಳಿ ಆರಿಸಿದ್ದರಂತೆ.

ಮರುದಿನ ಚಂದ್ರಶೇಖರ ಕಂಬಾರರ ‘ಜೋಕುಮಾರಸ್ವಾಮಿ’ಯಂದು ರಂಗದ ಮೇಲೆ ಮೈಕುಗಳು ಮತ್ತೆ ತೂಗಾಡಿದವು. ಅವು ಹಲಗೆಯ ಮೇಲಿನ ಹೆಜ್ಜೆಸಪ್ಪಳವನ್ನು ಹಿಡಿದಷ್ಟು ಚೆನ್ನಾಗಿ ಮಾತನ್ನು ಹಿಡಿಯಲಿಲ್ಲ. ಹಾರ್ಮೋನಿಯಂಗೆಂದು ಪ್ರತ್ಯೇಕವಾಗಿ ಇಟ್ಟ ಮೈಕಂತೂ ಹಿಮ್ಮೇಳದ ಪದಗಳನ್ನು ನುಂಗಿಬಿಟ್ಟಿತು. ಉತ್ತರ ಕರ್ನಾಟಕದ ಆಡುಮಾತು ನಮ್ಮ ಕಡೆಯ ಕಿವಿಗೆ ಮೊದಲೇ ಹೊಸದು; ಅದರ ಮೇಲೆ ಇಂಥ ಸದ್ದು ಬಿದ್ದರೆ, ಉಳುವವನಿಗೂ ಗೌಡನಿಗೂ ನಡುವೆ ಹೊಲ ಯಾರದೆಂಬ ಜಗಳವೇ ಈ ನಾಟಕದ ಬೆನ್ನೆಲುಬೆಂಬುದು ಯಾರಿಗೆ ತಿಳಿಯಬೇಕು? ಮಕ್ಕಳಿಲ್ಲದ ಗೌಡತಿಯಾಗಿ ನಟಿಸಿದ ಕಲಾವಿದೆ, ಫಲವಂತಿಕೆಯ ದೇವರು ಜೋಕುಮಾರಸ್ವಾಮಿಯೆಂದು ಪೂಜೆಗೊಂಡ ಪಡವಲಕಾಯಿಯನ್ನು ಎತ್ತಿಕೊಂಡ ರೀತಿಯಲ್ಲಿ ಅಶ್ಲೀಲದ ಸುಳಿವೂ ಇರಲಿಲ್ಲ, ನಾಚಿಕೆಯೂ ಇರಲಿಲ್ಲ. ಅಷ್ಟು ಹದವಾದ ಅಭಿನಯ ಕಣ್ಣಿಗೆ ಮಾತ್ರ ದಕ್ಕಿದ್ದು ಬೇಸರದ ಸಂಗತಿ.

ಕೈಲಾಸಂ ಅವರ ‘ಟೊಳ್ಳುಗಟ್ಟಿ’ ನೂರು ವರ್ಷ ದಾಟಿದ ನಾಟಕ. ಅಂಕ ಗಳಿಸುವ ಪುಟ್ಟುವೇ ಜಾಣನೆಂದು ನಂಬಿದ ಅಪ್ಪ ಈಗಲೂ ಮನೆಮನೆಯಲ್ಲಿ ಇರುವುದರಿಂದ ಹಳತೆನಿಸಲಿಲ್ಲ. ಆದರೆ ನಟರು ನಗಿಸುವ ಆತುರದಲ್ಲಿ ಮಾತುಗಳನ್ನು ಓಡಿಸಿದರು. ಮಂಜೇಶ್ವರದ ಗೋವಿಂದ ಪೈಗಳ ‘ಹೆಬ್ಬೆರಳು’ ಏಕಲವ್ಯನ ಕಥೆ. ನಮ್ಮ ಜಿಲ್ಲೆಯವರೇ ಆದ ರಾಷ್ಟ್ರಕವಿಯ ನಾಟಕವೆಂಬ ಅಭಿಮಾನದಿಂದ ಆಡಿದ್ದರೇ ಹೊರತು ಆ ಪ್ರೌಢ ಭಾಷೆಯನ್ನು ನಾಲಗೆಗೆ ಒಗ್ಗಿಸಿಕೊಂಡಿರಲಿಲ್ಲ. ಹೊಸ ತಂಡವೊಂದರ ಸಾಮಾಜಿಕ ನಾಟಕದಲ್ಲಿ ಧ್ವನಿಮುದ್ರಿತ ಸಂಗೀತವೇ ಮುಕ್ಕಾಲು ಪಾಲು ಇತ್ತು. ಅದರ ಬಗ್ಗೆ ಹೆಚ್ಚು ಬರೆಯುವ ಅಗತ್ಯವಿಲ್ಲ.

ಕೊನೆಯ ಸಂಜೆಗೆ ಯಕ್ಷಗಾನವನ್ನು ಇಟ್ಟಿದ್ದರು. ಕುಂಬಳೆಯ ಪಾರ್ತಿಸುಬ್ಬನ ರಾಮಾಯಣ ಪ್ರಸಂಗಗಳಿಂದ ವಾಲಿವಧೆಯ ಭಾಗವನ್ನು ಆರಿಸಿಕೊಂಡಿದ್ದರು. ಮೇಳದವರು ಧ್ವನಿವರ್ಧಕವನ್ನು ತಾವೇ ತಂದು ತಾವೇ ಜೋಡಿಸಿದ್ದರಿಂದ ಚೆಂಡೆಯ ಅಬ್ಬರದ ನಡುವೆಯೂ ಭಾಗವತರ ಪದದ ಒಂದಕ್ಷರ ಕಳೆದುಹೋಗಲಿಲ್ಲ. ಬಾಣ ತಗಲಿ ಬಿದ್ದ ವಾಲಿ, ಮರೆಯಲ್ಲಿ ನಿಂತು ಹೊಡೆದದ್ದು ಯಾವ ಧರ್ಮವೆಂದು ರಾಮನನ್ನು ಕೇಳುವ ಸಂವಾದ ಬಹಳ ಹೊತ್ತು ನಡೆಯಿತು, ಯಾರೂ ಕುರ್ಚಿ ಬಿಟ್ಟು ಏಳಲಿಲ್ಲ. ರಾಮನ ಪಾತ್ರಧಾರಿ ಉತ್ತರವನ್ನು ಅರ್ಧಕ್ಕೇ ನಿಲ್ಲಿಸಿ ಕ್ಷಣಕಾಲ ನೆಲ ನೋಡಿದ್ದು ಪ್ರಸಂಗದಲ್ಲಿ ಇಲ್ಲದ, ಆದರೆ ಆ ಸಂದರ್ಭಕ್ಕೆ ಸಲ್ಲುವ ಮಾತು.

ವಾರದ ಪಾಸು ಅಗ್ಗವಾಗಿತ್ತು, ವಿರಾಮದ ಗೋಳಿಬಜೆ ಬಿಸಿಯಾಗಿತ್ತು. ಬಲಬದಿಯ ಗೋಡೆಯ ಫ್ಯಾನುಗಳು ಸದ್ದು ಮಾಡುವುದರಿಂದ ಎಡಬದಿಯ ಮುಂದಿನ ಸಾಲುಗಳಲ್ಲಿ ಕುಳಿತುಕೊಳ್ಳುವುದು ಲೇಸು. ಆದರೆ ಆರೂವರೆಗೆಂದು ಅಚ್ಚು ಹಾಕಿಸಿದ ನಾಟಕ, ಸ್ವಾಗತ, ಪ್ರಾಸ್ತಾವಿಕ, ಶಾಲು, ಹಾರ, ಸ್ಮರಣಿಕೆಗಳೆಲ್ಲ ಮುಗಿದು ಏಳೂವರೆಯ ಮೇಲೆ ಶುರುವಾಗುವುದಕ್ಕೆ ಯಾವ ಸಮರ್ಥನೆಯೂ ಇಲ್ಲ. ಬದಿಯಡ್ಕ, ಮುಳ್ಳೇರಿಯದ ಕಡೆಯ ಕೊನೆಯ ಬಸ್ಸು ಹಿಡಿಯಬೇಕಾದವರು ‘ತುಘಲಕ್’ನ ದಿನ, ಸುಲ್ತಾನ ಸಿಂಹಾಸನದಲ್ಲೇ ನಿದ್ದೆಹೋಗುವ ಕೊನೆಯ ದೃಶ್ಯಕ್ಕೆ ಮೊದಲೇ ಎದ್ದು ಹೋಗಬೇಕಾಯಿತು. ಮುಂದಿನ ಬಾರಿ ಸನ್ಮಾನವನ್ನು ನಾಟಕದ ಬಳಿಕ ಇಟ್ಟುಕೊಂಡರೆ ಅವರಿಗೂ ಅನುಕೂಲ, ಸನ್ಮಾನ ನೋಡಲೆಂದೇ ಎಷ್ಟು ಮಂದಿ ಉಳಿಯುತ್ತಾರೆಂಬುದು ಆಯೋಜಕರಿಗೂ ತಿಳಿಯುತ್ತದೆ.