ಫಾರೆಕ್ಸ್ ಬ್ರೋಕರ್‌ಗಳ ಲೈಸೆನ್ಸ್ ಎಷ್ಟು ಗಟ್ಟಿ? ಲಂಡನ್‌ನಿಂದ ಸೇಂಟ್ ವಿನ್ಸೆಂಟ್‌ವರೆಗೆ ಒಂದು ವಿಮರ್ಶೆ

ಫಾರೆಕ್ಸ್ ಎಂದರೆ ಒಂದು ದೇಶದ ಕರೆನ್ಸಿಗೆ ಇನ್ನೊಂದು ದೇಶದ್ದನ್ನು ಕೊಂಡು ಮಾರುವ ವ್ಯವಹಾರ. ಯಾವ ಫಾರೆಕ್ಸ್ ಬ್ರೋಕರ್‌ನ ವೆಬ್‌ಸೈಟ್ ತೆರೆದರೂ ಮೊದಲ ಪರದೆಯಲ್ಲೇ 'ರೆಗ್ಯುಲೇಟೆಡ್' ಎಂದು ದಪ್ಪಕ್ಷರದಲ್ಲಿ ಕಾಣುತ್ತದೆ. ಯಾವ ದೇಶದ ನಿಯಂತ್ರಕರು, ಯಾವ ಕಂಪನಿಗೆ, ಎಂಥ ಗ್ರಾಹಕರ ಜೊತೆ ವ್ಯವಹರಿಸಲು ಅನುಮತಿ ಕೊಟ್ಟಿದ್ದಾರೆ ಎಂಬುದು ಮಾತ್ರ ಪುಟದ ತಳದಲ್ಲಿ ಬೂದು ಬಣ್ಣದ ಸಣ್ಣಕ್ಷರದಲ್ಲಿರುತ್ತದೆ. ಅಲ್ಲಿಂದಲೇ ಓದಲು ಶುರು ಮಾಡಬೇಕು. ಬ್ರ್ಯಾಂಡ್ ಒಂದೇ ಇದ್ದರೂ ಅದರ ಹಿಂದೆ ನಾಲ್ಕೈದು ಕಂಪನಿಗಳಿರುತ್ತವೆ: ಲಂಡನ್‌ನಲ್ಲೊಂದು, ಸೈಪ್ರಸ್‌ನಲ್ಲೊಂದು, ಸಿಡ್ನಿಯಲ್ಲೊಂದು, ಸೇಶೆಲ್ಸ್‌ನಲ್ಲೋ ಸೇಂಟ್ ವಿನ್ಸೆಂಟ್‌ನಲ್ಲೋ ಇನ್ನೊಂದು. ಜಾಹೀರಾತಿನಲ್ಲಿ ಕಾಣುವುದು ಲಂಡನ್‌ನ ಲೈಸೆನ್ಸ್. ಬೆಂಗಳೂರಿನ ವಿಳಾಸ, ಆಧಾರ್, ಪ್ಯಾನ್ ಕೊಟ್ಟು ಖಾತೆ ತೆರೆದವರ ಒಪ್ಪಂದ ಆಗುವುದು ಬಹುತೇಕ ದ್ವೀಪದ ಕಂಪನಿಯ ಜೊತೆ. ಹಾಗಾಗಿ ಈ ವಿಮರ್ಶೆ ಬ್ರ್ಯಾಂಡ್‌ಗಳದ್ದಲ್ಲ. ಒಂದೊಂದು ನಿಯಂತ್ರಕರ ಕೆಳಗೆ ಗ್ರಾಹಕನಿಗೆ ನಿಜವಾಗಿ ಏನು ಸಿಗುತ್ತದೆ ಎಂಬುದರದ್ದು.

ಮೊದಲು ಲಂಡನ್. ಬ್ರಿಟನ್ನಿನ ಹಣಕಾಸು ನಿಯಂತ್ರಕ ಎಫ್‌ಸಿಎಯ ನಿಯಮಗಳಲ್ಲಿ ಅತ್ಯಂತ ಬೆಲೆಬಾಳುವ ಭಾಗ ಗ್ರಾಹಕರ ಹಣದ ಲೆಕ್ಕ. ಗ್ರಾಹಕರ ದುಡ್ಡು ಬ್ರೋಕರ್‌ನ ಸ್ವಂತ ದುಡ್ಡಿನ ಜೊತೆ ಬೆರೆಯುವಂತಿಲ್ಲ, ಬ್ಯಾಂಕಿನಲ್ಲಿ ಪ್ರತ್ಯೇಕ ಖಾತೆಯಲ್ಲಿ ಟ್ರಸ್ಟ್ ರೂಪದಲ್ಲಿ ಇರಬೇಕು. 'ಈ ಹಣ ಬ್ರೋಕರ್‌ನದ್ದಲ್ಲ, ಬ್ರೋಕರ್ ನಮಗೆ ಕೊಡಬೇಕಾದ ಸಾಲಕ್ಕೆ ಇದನ್ನು ಮುರಿದುಕೊಳ್ಳುವುದಿಲ್ಲ' ಎಂದು ಬ್ಯಾಂಕು ಪತ್ರಕ್ಕೆ ಸಹಿ ಹಾಕಿ ಕೊಡಬೇಕು. ಬ್ರೋಕರ್ ಪ್ರತಿ ಕೆಲಸದ ದಿನವೂ ಎಲ್ಲ ಗ್ರಾಹಕರಿಗೆ ತಾನು ಒಟ್ಟು ಎಷ್ಟು ಕೊಡಬೇಕು ಎಂದು ಕೂಡಿ, ಪ್ರತ್ಯೇಕ ಖಾತೆಯಲ್ಲಿರುವ ಮೊತ್ತಕ್ಕೆ ತಾಳೆ ಹಾಕಬೇಕು. ಕಡಿಮೆ ಬಿದ್ದರೆ ಅದೇ ದಿನ ಸ್ವಂತ ಜೇಬಿನಿಂದ ತುಂಬಬೇಕು, ಹೆಚ್ಚಿದ್ದರೆ ಹೊರತೆಗೆಯಬೇಕು. ವರ್ಷಕ್ಕೊಮ್ಮೆ ಲೆಕ್ಕಪರಿಶೋಧಕರು ಇದೊಂದರ ಬಗ್ಗೆಯೇ ಎಫ್‌ಸಿಎಗೆ ಪ್ರತ್ಯೇಕ ವರದಿ ಕೊಡುತ್ತಾರೆ. ಇಷ್ಟಾದರೂ ಕಂಪನಿ ಮುಳುಗಿ ಗ್ರಾಹಕರ ಹಣದಲ್ಲಿ ಕೊರತೆ ಕಂಡರೆ ಪರಿಹಾರ ಯೋಜನೆಯಿಂದ ಒಬ್ಬರಿಗೆ 85,000 ಪೌಂಡ್‌ವರೆಗೆ ಸಿಗಬಹುದು. ಇದು ಕಂಪನಿ ದಿವಾಳಿಯಾದಾಗಿನ ಮಾತು. ಟ್ರೇಡಿಂಗ್‌ನಲ್ಲಿ ಆದ ನಷ್ಟಕ್ಕೆ ಯಾರೂ ಪರಿಹಾರ ಕೊಡುವುದಿಲ್ಲ.

ಎರಡನೆಯದು ಲಿವರೇಜ್ ಮಿತಿ, ಅಂದರೆ ಇಟ್ಟ ಹಣದ ಎಷ್ಟು ಪಟ್ಟು ದೊಡ್ಡ ವ್ಯವಹಾರ ಮಾಡಬಹುದು ಎಂಬ ಮಿತಿ. ಯುರೋಪಿನ ಮಾರುಕಟ್ಟೆ ನಿಯಂತ್ರಕ ಎಸ್ಮಾ ಸಂಸ್ಥೆ 2018ರ ಆಗಸ್ಟ್ 1ರಿಂದ ಸಾಮಾನ್ಯ ಗ್ರಾಹಕರಿಗೆ ಪ್ರಮುಖ ಕರೆನ್ಸಿ ಜೋಡಿಗಳಲ್ಲಿ 30 ಪಟ್ಟು, ಉಳಿದ ಜೋಡಿಗಳಲ್ಲಿ ಹಾಗೂ ಚಿನ್ನದಲ್ಲಿ 20 ಪಟ್ಟು ಎಂದು ಮಿತಿ ಹಾಕಿತು. ಬ್ರಿಟನ್ 2019ರಲ್ಲಿ ಅದನ್ನೇ ಕಾಯಂ ಮಾಡಿತು, ಆಸ್ಟ್ರೇಲಿಯಾದ ನಿಯಂತ್ರಕ ಎಸಿಕ್ 2021ರ ಮಾರ್ಚ್‌ನಲ್ಲಿ ಇದೇ ದಾರಿ ಹಿಡಿಯಿತು. ಈ ಮಿತಿಯಿಂದ ಏನು ವ್ಯತ್ಯಾಸ ಎಂದು ಲೆಕ್ಕ ಹಾಕಿಯೇ ನೋಡೋಣ. ಖಾತೆಯಲ್ಲಿ 5,000 ಡಾಲರ್ ಇದೆ. ಡಾಲರ್-ಯೆನ್ ಜೋಡಿಯ ಒಂದು ಲಾಟ್ (ವ್ಯವಹಾರದ ಒಂದು ಘಟಕ) ಎಂದರೆ 1,00,000 ಡಾಲರ್. 30 ಪಟ್ಟಿನಲ್ಲಿ ಅದಕ್ಕೆ ಮಾರ್ಜಿನ್, ಅಂದರೆ ಒತ್ತೆಯಾಗಿ ಇಡಬೇಕಾದ ಹಣ, ಸುಮಾರು 3,333 ಡಾಲರ್, ಹಾಗಾಗಿ ಎರಡು ಲಾಟ್ ತೆಗೆದುಕೊಳ್ಳಲು ಆಗುವುದೇ ಇಲ್ಲ. ಒಂದು ಲಾಟ್ ತೆಗೆದುಕೊಂಡಿರಿ ಎನ್ನೋಣ. ಖಾತೆಯ ಮೌಲ್ಯ ಬೇಕಾದ ಮಾರ್ಜಿನ್‌ನ ಅರ್ಧಕ್ಕೆ, ಅಂದರೆ 1,667 ಡಾಲರ್‌ಗೆ ಇಳಿದಾಗ ಬ್ರೋಕರ್ ಪೊಸಿಷನ್ (ತೆರೆದಿರುವ ವ್ಯವಹಾರ) ಮುಚ್ಚಲೇಬೇಕು. ಅಷ್ಟಾಗಲು ದರ ಶೇ 3.33ರಷ್ಟು ವಿರುದ್ಧ ಹೋಗಬೇಕು. ಅದೇ 5,000 ಡಾಲರ್ ಅನ್ನು 500 ಪಟ್ಟು ಕೊಡುವ ದ್ವೀಪದ ಬ್ರೋಕರ್ ಹತ್ತಿರ ಇಟ್ಟರೆ ಲಾಟ್‌ಗೆ 200 ಡಾಲರ್ ಮಾರ್ಜಿನ್ ಸಾಕು. 2,000 ಡಾಲರ್‌ಗೆ ಹತ್ತು ಲಾಟ್ ಬಂತು, ಇನ್ನೂ 3,000 ಉಳಿದಿದೆ ಎಂಬ ಧೈರ್ಯವೂ ಬಂತು. ಆದರೆ ಹತ್ತು ಲಾಟ್ ಎಂದರೆ 10 ಲಕ್ಷ ಡಾಲರ್. ದರ ಶೇ 0.4ರಷ್ಟು ಸರಿದರೆ 4,000 ಡಾಲರ್ ಖಾಲಿ, ಅಲ್ಲಿಗೆ ಆಟ ಮುಗಿಯಿತು. ಡಾಲರ್-ಯೆನ್ ಒಂದು ಸಾಧಾರಣ ದಿನದಲ್ಲೇ ಅಷ್ಟು ಓಡಾಡುತ್ತದೆ. 'ಹೆಚ್ಚು ಲಿವರೇಜ್ ಕೊಡುತ್ತೇವೆ' ಎನ್ನುವುದು ಸೌಲಭ್ಯವಲ್ಲ ಎಂದು ನಾವು ಹೇಳುವುದು ಇದಕ್ಕೇ.

ಖಾತೆ ಸೊನ್ನೆಗಿಂತ ಕೆಳಗಿಳಿದು ಗ್ರಾಹಕನೇ ಬ್ರೋಕರ್‌ಗೆ ಸಾಲಗಾರನಾಗಬಾರದು ಎಂಬ ನಿಯಮವೂ ಇದೇ ಕಟ್ಟಳೆಯೊಳಗಿದೆ. ಇದು ಏಕೆ ಬೇಕು ಎಂದು 2015ರ ಜನವರಿ 15 ತೋರಿಸಿತ್ತು. ಒಂದು ಯುರೋಗೆ 1.20 ಫ್ರಾಂಕ್‌ಗಿಂತ ಕಡಿಮೆ ಆಗಲು ಬಿಡುವುದಿಲ್ಲ ಎಂದು ಕಾಯುತ್ತಿದ್ದ ಸ್ವಿಸ್ ರಾಷ್ಟ್ರೀಯ ಬ್ಯಾಂಕ್ ಅಂದು ಇದ್ದಕ್ಕಿದ್ದಂತೆ ಕೈಬಿಟ್ಟಿತು. ನಿಮಿಷಗಳಲ್ಲಿ ದರ 1ಕ್ಕಿಂತ ಕೆಳಗೆ ಹೋಯಿತು. ಸ್ಟಾಪ್‌ಲಾಸ್ ಹಾಕಿದ್ದವರಿಗೂ ಆ ದರದಲ್ಲಿ ಎದುರು ಪಾರ್ಟಿ ಸಿಗಲಿಲ್ಲ. ಸ್ಟಾಪ್‌ಲಾಸ್ ಎಂದರೆ 'ಈ ದರ ಮುಟ್ಟಿದಾಗ ಸಿಕ್ಕ ಬೆಲೆಗೆ ಮಾರು' ಎಂಬ ಆದೇಶವೇ ಹೊರತು ಬೆಲೆಯ ಖಾತರಿಯಲ್ಲ. ಅಲ್ಪಾರಿ ಎಂಬ ಬ್ರೋಕರ್ ಕಂಪನಿಯ ಬ್ರಿಟನ್ ಶಾಖೆ ಕೆಲವೇ ದಿನಗಳಲ್ಲಿ ದಿವಾಳಿಯಾಯಿತು. ಎಫ್‌ಎಕ್ಸ್‌ಸಿಎಂ ಎಂಬ ಇನ್ನೊಂದು ಬ್ರೋಕರ್‌ನ ಗ್ರಾಹಕರ ಖಾತೆಗಳು ಒಟ್ಟು 22.5 ಕೋಟಿ ಡಾಲರ್‌ನಷ್ಟು ಸೊನ್ನೆಗಿಂತ ಕೆಳಗೆ ಹೋಗಿ, ಕಂಪನಿ 30 ಕೋಟಿ ಡಾಲರ್ ಸಾಲ ಎತ್ತಬೇಕಾಯಿತು.

ನಿಯಂತ್ರಕರ ಕಣ್ಣಿದ್ದರೆ ಎಲ್ಲ ಸರಿ ಇರುತ್ತದೆ ಎಂದೂ ಅಲ್ಲ. ಇದೇ ಎಫ್‌ಎಕ್ಸ್‌ಸಿಎಂನ ಬ್ರಿಟನ್ ಕಂಪನಿಗಳಿಗೆ 2014ರಲ್ಲಿ ಎಫ್‌ಸಿಎ 40 ಲಕ್ಷ ಪೌಂಡ್ ದಂಡ ಹಾಕಿತು. ಆರ್ಡರ್ ಒತ್ತಿದ ಕ್ಷಣಕ್ಕೂ ಅದು ನೆರವೇರಿದ ಕ್ಷಣಕ್ಕೂ ನಡುವೆ ದರ ಗ್ರಾಹಕನ ಪರವಾಗಿ ಸರಿದರೆ ಆ ಲಾಭ ಎಫ್‌ಎಕ್ಸ್‌ಸಿಎಂ ಗುಂಪಿನ ಕಿಸೆಗೆ, ವಿರುದ್ಧ ಸರಿದರೆ ಆ ನಷ್ಟ ಗ್ರಾಹಕನ ತಲೆಗೆ. ಇದು 2006ರಿಂದ 2010ರವರೆಗೆ ನಡೆದಿತ್ತು. ಪತ್ತೆಯಾಗಲು, ಹಣ ವಾಪಸ್ ಬರಲು ವರ್ಷಗಳು ಹಿಡಿದವು. ಆದರೆ ಬಂತು, ಅದೇ ಮುಖ್ಯ. ಇದನ್ನು ಪರೀಕ್ಷಿಸುವ ವಿಧಾನ ಸರಳ: ಐವತ್ತು ಮಾರ್ಕೆಟ್ ಆರ್ಡರ್‌ಗಳಿಗೆ ಒತ್ತಿದಾಗ ಕಂಡ ದರ, ಸಿಕ್ಕ ದರ, ಸಮಯ ಮೂರನ್ನೂ ಎಕ್ಸೆಲ್‌ನಲ್ಲಿ ಬರೆದಿಡಿ. ವ್ಯತ್ಯಾಸ ಎರಡೂ ಕಡೆಗೆ ಹರಡಿರಬೇಕು. ಐವತ್ತರಲ್ಲಿ ಒಂದೂ ನಿಮ್ಮ ಪರ ಇಲ್ಲದಿದ್ದರೆ ಬರಹದಲ್ಲಿ ದೂರು ಕೊಡಿ. ಬ್ರಿಟನ್ನಿನಲ್ಲಿ ಬ್ರೋಕರ್‌ಗೆ ಅಂತಿಮ ಉತ್ತರ ಕೊಡಲು ಎಂಟು ವಾರ ಇದೆ, ಅದು ಸಮಾಧಾನ ತರದಿದ್ದರೆ ಆರು ತಿಂಗಳೊಳಗೆ ಹಣಕಾಸು ಒಂಬುಡ್ಸ್‌ಮನ್ ಬಳಿ ಹೋಗಬಹುದು, ಶುಲ್ಕವಿಲ್ಲ.

ಈ ರಕ್ಷಣೆಯ ದೊಡ್ಡ ಭಾಗವನ್ನು ಒಂದೇ ಟಿಕ್ ಗುರುತಿನಲ್ಲಿ ಕಳೆದುಕೊಳ್ಳುವ ಜಾಗವೊಂದಿದೆ. 'ಪ್ರೊಫೆಷನಲ್ ಖಾತೆಗೆ ಬದಲಾಗಿ, ಲಿವರೇಜ್ ಹೆಚ್ಚು ಸಿಗುತ್ತದೆ' ಎಂಬ ಮೇಲ್ ಬರುತ್ತದೆ. ಅದಕ್ಕೆ ಮೂರರಲ್ಲಿ ಎರಡು ಅರ್ಹತೆ ಬೇಕು: ಹಿಂದಿನ ನಾಲ್ಕು ತ್ರೈಮಾಸಿಕಗಳಲ್ಲಿ ಸರಾಸರಿ ತಲಾ ಹತ್ತು ದೊಡ್ಡ ವ್ಯವಹಾರ, 5 ಲಕ್ಷ ಯುರೋ ಮೀರಿದ ಹೂಡಿಕೆ, ಹಣಕಾಸು ಕ್ಷೇತ್ರದಲ್ಲಿ ಸಂಬಂಧಪಟ್ಟ ಹುದ್ದೆಯಲ್ಲಿ ಒಂದು ವರ್ಷದ ಕೆಲಸ. ಬದಲಾದ ಮೇಲೆ ಲಿವರೇಜ್ ಮಿತಿಯೂ ಇಲ್ಲ, ಸೊನ್ನೆಯ ಕೆಳಗಿನ ರಕ್ಷಣೆಯೂ ನಿಯಮದ ಬಲದಿಂದ ಸಿಗುವುದಿಲ್ಲ. ಅರ್ಜಿಯಲ್ಲಿ ಸುಳ್ಳು ತುಂಬಿ ಬದಲಾದವರಿಗೆ ಮುಂದೆ ದೂರು ಕೊಡುವಾಗ ಆ ಸುಳ್ಳೇ ಮುಳುವಾಗುತ್ತದೆ.

ಲಂಡನ್‌ಗೆ ಐದಕ್ಕೆ ನಾಲ್ಕು ಅಂಕ ಕೊಡುತ್ತೇವೆ. ಒಂದು ಅಂಕ ಕಳೆದದ್ದು ತಪ್ಪು ಪತ್ತೆಯಾಗುವ ನಿಧಾನಕ್ಕೆ.

ಅಮೆರಿಕದ ಶೈಲಿ ಬೇರೆ. ಅಲ್ಲಿ ಸರ್ಕಾರಿ ನಿಯಂತ್ರಕ ಸಿಎಫ್‌ಟಿಸಿ ಮತ್ತು ಉದ್ಯಮದ ಸ್ವಯಂ ನಿಯಂತ್ರಣ ಸಂಸ್ಥೆ ಎನ್‌ಎಫ್‌ಎ ಬಾಗಿಲಲ್ಲೇ ಬಿಗಿ: ಚಿಲ್ಲರೆ ಫಾರೆಕ್ಸ್ ಡೀಲರ್‌ಗೆ ಕನಿಷ್ಠ 2 ಕೋಟಿ ಡಾಲರ್ ಬಂಡವಾಳ ಇರಬೇಕು. ಆ ಕಾರಣಕ್ಕೇ ಬೆರಳೆಣಿಕೆಯ ಕಂಪನಿಗಳಷ್ಟೇ ಉಳಿದಿವೆ. ಪ್ರಮುಖ ಜೋಡಿಗಳಿಗೆ 50 ಪಟ್ಟು, ಉಳಿದವಕ್ಕೆ 20 ಪಟ್ಟು. ಒಂದೇ ಖಾತೆಯಲ್ಲಿ ಒಂದೇ ಜೋಡಿಯನ್ನು ಕೊಂಡು ಮಾರಿ ಎರಡನ್ನೂ ತೆರೆದಿಡುವಂತಿಲ್ಲ, ಮೊದಲು ಕೊಂಡದ್ದನ್ನೇ ಮೊದಲು ಮುಚ್ಚಬೇಕು. ಎನ್‌ಎಫ್‌ಎ ನಡೆಸುವ ಬೇಸಿಕ್ ಎಂಬ ಜಾಲತಾಣದಲ್ಲಿ ಕಂಪನಿಯ ಹೆಸರು ಹಾಕಿದರೆ ಹಳೆಯ ದಂಡ, ಶಿಸ್ತುಕ್ರಮ ಎಲ್ಲವೂ ಕಾಣುತ್ತವೆ. ಎಫ್‌ಎಕ್ಸ್‌ಸಿಎಂ 2017ರಲ್ಲಿ 70 ಲಕ್ಷ ಡಾಲರ್ ದಂಡ ತೆತ್ತು ಅಮೆರಿಕದಿಂದಲೇ ಹೊರಬಿದ್ದ ಪ್ರಕರಣವೂ ಸಾರ್ವಜನಿಕ ದಾಖಲೆ. ಗ್ರಾಹಕರ ಎದುರು ನಿಂತು ವ್ಯವಹರಿಸುತ್ತಿದ್ದ ಸಂಸ್ಥೆಯ ಜೊತೆ ತನಗಿದ್ದ ನಂಟನ್ನು ಅದು ಮುಚ್ಚಿಟ್ಟಿತ್ತು. ಅಮೆರಿಕದ ವ್ಯವಸ್ಥೆಯ ದೊಡ್ಡ ಹುಳುಕು ಹೆಚ್ಚಿನವರಿಗೆ ತಿಳಿದಿಲ್ಲ: ಫ್ಯೂಚರ್ಸ್ ಗ್ರಾಹಕರ ಹಣಕ್ಕೆ ದಿವಾಳಿಯ ಹೊತ್ತಿನಲ್ಲಿ ಸಿಗುವ ಪ್ರತ್ಯೇಕ ರಕ್ಷಣೆ ಚಿಲ್ಲರೆ ಫಾರೆಕ್ಸ್ ಹಣಕ್ಕೆ ಇಲ್ಲ. ಈ ವಿಷಯದಲ್ಲಿ ಜಪಾನ್ ಮುಂದಿದೆ, ಅಲ್ಲಿ ಗ್ರಾಹಕರ ಮಾರ್ಜಿನ್ ಹಣ ಟ್ರಸ್ಟ್‌ನಲ್ಲೇ ಇರಬೇಕು, ಲಿವರೇಜ್ 2011ರಿಂದ 25 ಪಟ್ಟು ಅಷ್ಟೇ.

ಸೈಪ್ರಸ್‌ನ ನಿಯಂತ್ರಕ ಸೈಸೆಕ್ ಪುಸ್ತಕದಲ್ಲಿ ಲಂಡನ್‌ನಷ್ಟೇ ಬಿಗಿ, ಏಕೆಂದರೆ ಲಂಡನ್‌ನ ನಿಯಮಗಳಿಗೂ ಮೂಲವಾದ ಐರೋಪ್ಯ ಒಕ್ಕೂಟದ ನಿಯಮಗಳೇ ಅಲ್ಲಿ. ಪರಿಹಾರ ನಿಧಿಯ ಗರಿಷ್ಠ ಮಿತಿ ಮಾತ್ರ 20,000 ಯುರೋ. ಮೂರು ಅಂಕ.

ಸೇಂಟ್ ವಿನ್ಸೆಂಟ್ ಮತ್ತು ಗ್ರೆನಡೀನ್ಸ್‌ಗೆ ಸೊನ್ನೆ. ಅಲ್ಲಿನ ಹಣಕಾಸು ಪ್ರಾಧಿಕಾರವೇ ತಾನು ಫಾರೆಕ್ಸ್ ವ್ಯವಹಾರಕ್ಕೆ ಲೈಸೆನ್ಸ್ ಕೊಡುವುದಿಲ್ಲ ಎಂದು ಸ್ಪಷ್ಟವಾಗಿ ಹೇಳಿದೆ. ಬ್ರೋಕರ್ ತೋರಿಸುವ ಸರ್ಟಿಫಿಕೇಟ್ ಬರೀ ಕಂಪನಿ ನೋಂದಣಿಯದ್ದು. ನಮ್ಮೂರಲ್ಲಿ ಅಂಗಡಿಗೆ ಟ್ರೇಡ್ ಲೈಸೆನ್ಸ್ ಮಾಡಿಸಿ ಬ್ಯಾಂಕ್ ಎಂದು ಬೋರ್ಡ್ ಹಾಕಿದ ಹಾಗೆ.

ಲೈಸೆನ್ಸ್ ಪರಿಶೀಲಿಸುವ ಕೆಲಸ ಹತ್ತು ನಿಮಿಷದ್ದು. ಬ್ರೋಕರ್ ಕೊಟ್ಟ ಲಿಂಕ್ ಒತ್ತದೆ ಎಫ್‌ಸಿಎ ರಿಜಿಸ್ಟರ್‌ನ ವಿಳಾಸವನ್ನು ನೀವೇ ಟೈಪ್ ಮಾಡಿ, ಉಲ್ಲೇಖ ಸಂಖ್ಯೆ ಹಾಕಿ. ಹೆಸರು ಒಪ್ಪಂದದ ಮೊದಲ ಪುಟದ ಹೆಸರಿಗೆ ಅಕ್ಷರಕ್ಷರ ಹೊಂದಬೇಕು, 'ಲಿಮಿಟೆಡ್' ಇರುವಲ್ಲಿ 'ಗ್ಲೋಬಲ್' ಎಂದಿದ್ದರೆ ಅದು ಬೇರೆ ಕಂಪನಿ. ಅನುಮತಿಗಳ ವಿಭಾಗದಲ್ಲಿ ಸಾಮಾನ್ಯ ಗ್ರಾಹಕರ ಜೊತೆ ವ್ಯವಹರಿಸಬಹುದೇ, ಗ್ರಾಹಕರ ಹಣ ಇಟ್ಟುಕೊಳ್ಳಬಹುದೇ ಎಂದು ನೋಡಿ. ಆಮೇಲೆ ರಿಜಿಸ್ಟರ್‌ನಲ್ಲಿರುವ ವೆಬ್‌ಸೈಟ್ ವಿಳಾಸ ಮತ್ತು ಫೋನ್ ನಂಬರನ್ನು ನಿಮಗೆ ಬಂದಿರುವುದರ ಜೊತೆ ಹೋಲಿಸಿ. ಅಸಲಿ ಕಂಪನಿಯ ಹೆಸರು, ಸಂಖ್ಯೆ ಕದ್ದು ಬೇರೆ ವೆಬ್‌ಸೈಟ್ ಕಟ್ಟುವ ನಕಲಿಗಳು ಸಿಕ್ಕಿಬೀಳುವುದು ಇಲ್ಲೇ. ಲಂಡನ್, ಸಿಡ್ನಿಯಲ್ಲಿರುವ ಕನ್ನಡಿಗರು ಊರಿಗೆ ವಾಪಸಾಗಿ ವಿಳಾಸ ಬದಲಿಸಿದಾಗ ಒಪ್ಪಂದ ಬೇರೆ ದೇಶದ ಕಂಪನಿಗೆ ವರ್ಗವಾಗಬಹುದು. 'ಹೊಸ ನಿಬಂಧನೆಗಳು' ಎಂಬ ಮೇಲ್ ಬಂದರೆ ಒಪ್ಪಿಗೆ ಒತ್ತುವ ಮೊದಲು ಕಂಪನಿಯ ಹೆಸರನ್ನು ಮತ್ತೊಮ್ಮೆ ಓದಿ.

ಇನ್ನು ಭಾರತದಲ್ಲಿ ವಾಸಿಸುವವರಿಗೆ ಬಹಳ ಮುಖ್ಯವಾದ ಮಾತು. ಬ್ರೋಕರ್‌ಗೆ ಲಂಡನ್‌ನ ಲೈಸೆನ್ಸ್ ಇದ್ದರೂ ಇಲ್ಲಿಂದ ಅವನ ಜೊತೆ ಮಾರ್ಜಿನ್ ಮೇಲೆ ಫಾರೆಕ್ಸ್ ಆಡುವುದು ಫೆಮಾ (ವಿದೇಶಿ ವಿನಿಮಯ ನಿರ್ವಹಣೆ) ಕಾಯ್ದೆಗೆ ವಿರುದ್ಧ. ವರ್ಷಕ್ಕೆ 2,50,000 ಡಾಲರ್‌ವರೆಗೆ ಹೊರದೇಶಕ್ಕೆ ಕಳಿಸಲು ಅವಕಾಶವಿದೆಯಲ್ಲ ಎಂದು ಏಜೆಂಟರು ವಾದಿಸುತ್ತಾರೆ. ಆ ಯೋಜನೆಯಡಿ ಮಾರ್ಜಿನ್‌ಗೆ ಹಣ ಕಳಿಸುವಂತಿಲ್ಲ. ಸಿಕ್ಕಿಬಿದ್ದರೆ ದಂಡ ಒಳಗೊಂಡ ಮೊತ್ತದ ಮೂರು ಪಟ್ಟುವರೆಗೆ ಹೋಗಬಹುದು. ರಿಸರ್ವ್ ಬ್ಯಾಂಕ್ 2022ರ ಸೆಪ್ಟೆಂಬರ್‌ನಲ್ಲಿ 34 ಹೆಸರುಗಳ ಎಚ್ಚರಿಕೆ ಪಟ್ಟಿ ಹೊರಡಿಸಿತು, ಆಮೇಲೆ ಅದು ಬೆಳೆಯುತ್ತಲೇ ಬಂದಿದೆ. ಪಟ್ಟಿಯಲ್ಲಿ ಹೆಸರಿಲ್ಲ ಎಂದ ಮಾತ್ರಕ್ಕೆ ಅನುಮತಿ ಇದೆ ಎಂದಲ್ಲ.

ಕಾನೂನಿನ ದಾರಿ ಎಂದರೆ ಸೆಬಿ ನೋಂದಾಯಿತ ಬ್ರೋಕರ್ ಮೂಲಕ ಎನ್‌ಎಸ್‌ಇ, ಬಿಎಸ್‌ಇಗಳ ಕರೆನ್ಸಿ ವಿಭಾಗ. ಡಾಲರ್-ರೂಪಾಯಿ ಒಂದು ಲಾಟ್ 1,000 ಡಾಲರ್. ಆದರೆ ರೂಪಾಯಿ ಜೋಡಿಗಳಲ್ಲಿ ವ್ಯವಹರಿಸಲು ಆಮದು, ರಫ್ತು, ವಿದೇಶಿ ಸಾಲದಂಥ ನಿಜವಾದ ವಿದೇಶಿ ವಿನಿಮಯದ ಬಾಧ್ಯತೆ ಇರಲೇಬೇಕು ಎಂಬ ರಿಸರ್ವ್ ಬ್ಯಾಂಕ್ ನಿರ್ದೇಶನ 2024ರ ಮೇ 3ರಿಂದ ಜಾರಿಯಲ್ಲಿದೆ. 10 ಕೋಟಿ ಡಾಲರ್‌ವರೆಗೆ ದಾಖಲೆ ತೋರಿಸಬೇಕಿಲ್ಲ ಎಂಬ ಸಾಲನ್ನು 'ಬಾಧ್ಯತೆಯೇ ಬೇಡ' ಎಂದು ಓದಿಕೊಂಡವರು ಬಹಳ. ದಾಖಲೆ ಕೇಳುವುದಿಲ್ಲ ಎಂದರೂ ಬಾಧ್ಯತೆ ಇರಬೇಕು.

ದ್ವೀಪದ ಬ್ರೋಕರ್ ಇಲ್ಲಿ ಹೇಗೆ ಹಣ ಪಡೆಯುತ್ತಾನೆ ಎಂದು ಗಮನಿಸಿದರೆ ಎಲ್ಲ ಅರ್ಥವಾಗುತ್ತದೆ. ಪರದೆಯ ಮೇಲೆ ಬರುವ ಯುಪಿಐ ಐಡಿ ಯಾವುದೋ ಊರಿನ ತರಕಾರಿ ಅಂಗಡಿಯದ್ದೋ, ಅಪರಿಚಿತ ವ್ಯಕ್ತಿಯದ್ದೋ ಆಗಿರುತ್ತದೆ, ಪ್ರತಿ ಸಲ ಬೇರೆ ಬೇರೆ. ಕಪ್ಪುಹಣ ತಡೆ ನಿಯಮ ಪಾಲಿಸುವ ಬ್ರೋಕರ್ ಮೂರನೆಯವರ ಖಾತೆಯಿಂದ ಹಣ ಪಡೆಯುವುದಿಲ್ಲ, ಬಂದ ಖಾತೆಗೇ ವಾಪಸ್ ಕಳಿಸುತ್ತಾನೆ. ಇಲ್ಲಿ ವಿತ್‌ಡ್ರಾ ಹಣವೂ ಅಪರಿಚಿತರ ಖಾತೆಯಿಂದಲೇ ಬರುತ್ತದೆ. ಅದು ಬೇರೆ ಯಾರಿಗೋ ಮೋಸ ಮಾಡಿ ದೋಚಿದ ಹಣವಾಗಿದ್ದರೆ, ಅವರ ದೂರಿನ ಮೇಲೆ ಸೈಬರ್ ಪೊಲೀಸರು ನಿಮ್ಮ ಸಂಬಳದ ಖಾತೆಯನ್ನು ಫ್ರೀಜ್ ಮಾಡಿಸುತ್ತಾರೆ. ದೂರು ದಾಖಲಾದದ್ದು ಬೇರೆ ರಾಜ್ಯದಲ್ಲಾದರೆ ಬಿಡಿಸಿಕೊಳ್ಳಲು ಅಲ್ಲಿಗೇ ಬರೆದು, ಓಡಾಡಬೇಕಾಗುತ್ತದೆ.

ಈಗಾಗಲೇ ಹಣ ಸಿಕ್ಕಿಕೊಂಡಿದ್ದರೆ ಇನ್ನೊಂದು ರೂಪಾಯಿ ಹಾಕಬೇಡಿ. 'ಶೇ 20 ತೆರಿಗೆ ಕಟ್ಟಿದರೆ ವಿತ್‌ಡ್ರಾ ತೆರೆಯುತ್ತದೆ' ಎಂಬ ಬೇಡಿಕೆ ಬಂದರೆ ಅದು ವಂಚನೆಯೇ, ತೆರಿಗೆ ಸರ್ಕಾರಕ್ಕೆ ಕಟ್ಟುವುದು, ಬ್ರೋಕರ್‌ಗಲ್ಲ. ಪ್ರತಿ ವರ್ಗಾವಣೆಯ ಯುಟಿಆರ್ (ಬ್ಯಾಂಕ್ ವರ್ಗಾವಣೆಯ ಗುರುತು) ಸಂಖ್ಯೆ, ಚಾಟ್, ಖಾತೆಯ ಸ್ಕ್ರೀನ್‌ಶಾಟ್ ಉಳಿಸಿಕೊಂಡು ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೆ ಅದೇ ದಿನ ಬರಹದಲ್ಲಿ ತಿಳಿಸಿ. ಹಣ ಮುಂದಿನ ಖಾತೆಗೆ ಜಾರುವ ಮೊದಲು ತಡೆಯಲು ಸಾಧ್ಯವಾಗುವುದು ಮೊದಲ ಕೆಲವು ಗಂಟೆಗಳಲ್ಲಿ ಮಾತ್ರ. ಇದಾದ ಕೆಲವು ವಾರಗಳಲ್ಲಿ 'ಎಫ್‌ಸಿಎಯಿಂದ ಮಾತಾಡುತ್ತಿದ್ದೇವೆ, ಶುಲ್ಕ ಕೊಟ್ಟರೆ ಕಳೆದ ಹಣ ಕೊಡಿಸುತ್ತೇವೆ' ಎಂಬ ಫೋನ್ ಬರಬಹುದು. ಅದೂ ಅದೇ ಗುಂಪಿನದ್ದಾಗಿರುವ ಸಾಧ್ಯತೆ ಹೆಚ್ಚು. ನಿಮ್ಮ ನಂಬರ್ ಅವರ ಹತ್ತಿರ ಮೊದಲೇ ಇದೆ.